ಗಂಜಿ ಕುದಿಯುವವರೆಗೆ ಪ್ರಾರ್ಥನೆ

ಪ್ರಾರ್ಥನೆ ಮಾಡುವಾಗ ಕಣ್ಣು ಮುಚ್ಚಬೇಕೆಂಬ ನಿಯಮವನ್ನು ಯಾರು ಮಾಡಿದರೋ ನನಗೆ ಗೊತ್ತಿಲ್ಲ. ಮಾಡಿದವರು ನನ್ನಂಥವನನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹತ್ತು ಜನ ಕಣ್ಣು ಮುಚ್ಚಿ ನಿಂತಿರುವಾಗ ಒಬ್ಬನೇ ಕಣ್ಣು ತೆರೆದಿದ್ದರೆ ಅವನಿಗೆ ಎಷ್ಟು ಸ್ವಾತಂತ್ರ್ಯ ಸಿಗುತ್ತದೆಂಬುದನ್ನು ನಾನು ಅನುಭವದಿಂದ ಬಲ್ಲೆ. ಎಪ್ಪತ್ತೆರಡು ವರ್ಷದ ಈ ಬಾಳಿನಲ್ಲಿ ನಾನು ಯಾರ ಮನೆಯ ಬೀಗವನ್ನೂ ಮುರಿದವನಲ್ಲ. ಗಣಿಯಲ್ಲಿ ಕೆಲಸ ಮಾಡಿದರೂ ಒಂದು ಚೂರು ಅದಿರನ್ನು ಮನೆಗೆ ತಂದವನಲ್ಲ. ಬಟ್ಟೆಗೆ ಅಂಟಿಕೊಂಡು ಬಂದ ಕೆಂಪು ಧೂಳನ್ನು ಬಿಟ್ಟು. ಆದರೆ ಒಬ್ಬ ಮನುಷ್ಯನ ಪ್ರಾರ್ಥನೆಯನ್ನು ವಾರಕ್ಕಿಷ್ಟರಂತೆ ಕದ್ದಿದ್ದೇನೆ. ಗ್ಯಾಸ್ ಒಲೆಯ ನಾಬ್ ತಿರುಗಿಸಿ ಕದ್ದಿದ್ದೇನೆ. ಇದನ್ನು ಹೇಳಿಬಿಡದೆ ನನಗೆ ಸಮಾಧಾನವಿಲ್ಲ.

ಮೊದಲು ನನ್ನ ಹುಟ್ಟುಗುಣ ಹೇಳಬೇಕು. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಯಶವಂತನಗರದ ಹತ್ತಿರದ ಒಂದು ಗಣಿಯಲ್ಲಿ ಟೈಂ ಕೀಪರ್ ಆಗಿ ಸೇರಿದೆ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಬರೆಯುವುದು, ಹೊತ್ತಿಗೆ ಸರಿಯಾಗಿ ಸೈರನ್ ಒತ್ತುವುದು, ಇಷ್ಟೇ ಕೆಲಸ. ನಲವತ್ತು ವರ್ಷ ಒತ್ತಿದೆ. ಗುಡ್ಡದ ಮೇಲಿನ ಸಾವಿರ ಜನ ನನ್ನ ಹೆಬ್ಬೆರಳಿಗೆ ಊಟಕ್ಕೇಳುತ್ತಿದ್ದರು. ಇಂಥ ಹೆಬ್ಬೆರಳು ನಿವೃತ್ತಿಯಾದ ಮೇಲೆ ಸುಮ್ಮನಿರುತ್ತದೆಯೇ? ಹೊಸಪೇಟೆಗೆ ಬಂದು ಮನೆ ಮಾಡಿದ ಮೇಲೆ ಹೆಂಡತಿ ಸ್ನಾನಕ್ಕೆ ಹೋದರೆ ಗಡಿಯಾರ ನೋಡಿದೆ, ನೆಂಟರು ಬಂದು ಕೂತರೆ ಗಡಿಯಾರ ನೋಡಿದೆ. ನೀವು ಗಣಿ ಬಿಟ್ಟರೂ ಸೈರನ್ ನಿಮ್ಮನ್ನು ಬಿಡಲಿಲ್ಲ ಎಂದು ಅವಳು ಈಗಲೂ ಹೇಳುತ್ತಾಳೆ.

ನಮ್ಮದು ಪ್ರಾಟೆಸ್ಟಂಟ್ ಸಭೆ. ನಾನು ಅಲ್ಲಿ ಹಿರಿಯರಲ್ಲಿ ಒಬ್ಬ. ಒಂದು ದಿನ ಕ್ಯಾಥೊಲಿಕರ ಫಿಲೋಮಿನಕ್ಕ ನಮ್ಮ ಮನೆಗೆ ಬಂದರು. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು, ನನಗಿಂತ ಎರಡು ವರ್ಷ ದೊಡ್ಡವರು. ದೊಡ್ಡಾಸ್ಪತ್ರೆಯಲ್ಲಿ ರೋಗಿಗಳ ಜೊತೆ ಇರುವವರು ಬೆಳಿಗ್ಗೆ ಬರೀ ಚಹಾ ಕುಡಿದು ಕೂತಿರುತ್ತಾರೆ, ತಮ್ಮ ಮನೆಯ ಹಿತ್ತಲಲ್ಲಿ ತಗಡಿನ ಚಪ್ಪರವಿದೆ, ವಾರಕ್ಕೆ ಮೂರು ದಿನ ಎಲ್ಲ ಸಭೆಯವರೂ ಸೇರಿ ಗಂಜಿ ಕಾಸಿದರೆ ಹೇಗೆ ಎಂದು ಕೇಳಿದರು. ಪಾದ್ರಿಗಳು, ಪಾಸ್ಟರುಗಳು ಯಾರೂ ಇರಬಾರದು, ಅವರಿಗೆ ಅವರದೇ ಕೆಲಸವಿರುತ್ತದೆ, ನಾವು ನಾವೇ ಸಾಕು ಎಂದರು. ಪೆಂತೆಕೊಸ್ತಿನವರ ಕಡೆಯಿಂದ ಬಂದವನು ದಾನಪ್ಪ. ಬೈಪಾಸಿನಲ್ಲಿ ಲಾರಿಗಳಿಗೆ ಪಂಕ್ಚರ್ ಹಾಕುವವನು, ನಲವತ್ತರ ಆಸುಪಾಸು, ಕೈಯಲ್ಲಿ ಎಷ್ಟು ತೊಳೆದರೂ ಹೋಗದ ಟಯರಿನ ಕಪ್ಪು. ಅವನು ನುಚ್ಚಿನ ಚೀಲ, ಸಿಲಿಂಡರು, ಪಾತ್ರೆ ಏನು ಬೇಕಾದರೂ ಎತ್ತುತ್ತಿದ್ದ. ನಾನು ಗಂಜಿ ತಿರುವುವ ಕೆಲಸ ಹಿಡಿದೆ. ಇದು ಜಂಬವಲ್ಲ, ನುಚ್ಚಿನ ಗಂಜಿ ಗಂಟಾಗದ ಹಾಗೆ ತಿರುವುವುದು ನನ್ನ ಅವ್ವ ಕಲಿಸಿದ ವಿದ್ಯೆ.

ಎಲ್ಲ ಸುಸೂತ್ರವಾಗಿತ್ತು, ಪ್ರಾರ್ಥನೆಯೊಂದನ್ನು ಬಿಟ್ಟು. ಯಾರ ಪದ್ಧತಿಯಲ್ಲಿ ಮಾಡುವುದು, ಎಷ್ಟು ಹೊತ್ತು ಮಾಡುವುದು? ಮೊದಲ ವಾರ ಮೂರೂ ಕಡೆಯವರು ಮಾಡಿ ಗಂಜಿ ಆರಿ ಹಪ್ಪಳವಾಯಿತು. ಫಿಲೋಮಿನಕ್ಕ ಒಂದು ತೀರ್ಪು ಕೊಟ್ಟರು. ಮಂಗಳವಾರ ತಮ್ಮ ಸರದಿ, ಗುರುವಾರ ನಮ್ಮದು, ಶನಿವಾರ ದಾನಪ್ಪನದು. ಪಾತ್ರೆ ಒಲೆಗೇರಿದ ಕೂಡಲೇ ಪ್ರಾರ್ಥನೆ ಶುರು. "ಗಂಜಿ ಕುದಿ ಬಂತಂದ್ರ ಆಮೆನ್. ಯಾರದಾ ಇರ್ಲಿ, ಎಲ್ಲಿಗೆ ಬಂದಿರ್ಲಿ, ಆಮೆನ್." ಈ ತೀರ್ಪು ನನಗೆ ಭಾರೀ ಹಿಡಿಸಿತು. ಗಣಿಯ ಸೈರನ್ನಿಗೆ ಸಮನಾದ ವ್ಯವಸ್ಥೆ. ಅದರ ಗುಂಡಿ ಮತ್ತೆ ನನ್ನ ಕೈಗೇ ಬಂದಿತ್ತು.

ಫಿಲೋಮಿನಕ್ಕ ಪರಲೋಕ ಮಂತ್ರ ಹೇಳಿ ಶಿಲುಬೆಯ ಗುರುತು ಹಾಕಿಕೊಂಡರೆ ಮುಗಿಯಿತು, ಆಮೇಲೆ ಕುದಿಯುವವರೆಗೆ ಮೌನ. ನಮ್ಮದು ಪುಸ್ತಕದಲ್ಲಿ ಅಚ್ಚಾದ ಪ್ರಾರ್ಥನೆ. ಅದರ ಕೊನೆಗೆ ನಾನು ಎರಡು ಹಿತವಚನ ಸೇರಿಸುತ್ತಿದ್ದೆ, ದೇವರಿಗಲ್ಲ, ಉಳಿದವರಿಗೆ. ದಾನಪ್ಪನದು ಮಾತ್ರ ಊರು ಸುತ್ತುವ ಪ್ರಾರ್ಥನೆ. ಸ್ತೋತ್ರ, ಸ್ತೋತ್ರ ಎಂದು ಶುರುಮಾಡಿ ವಾರ್ಡಿಗೆ ಹೋಗುವನು. ಇಂಥ ಮಂಚದ ಕೆಂಚಪ್ಪ, ಅವನ ಮುರಿದ ಬಲಗಾಲು, ಪಕ್ಕದ ಮಂಚದ ಹುಸೇನಸಾಬರ ಕೆಮ್ಮು, ರಾತ್ರಿ ಪಾಳಿಯ ನರ್ಸಮ್ಮನ ಸೊಂಟನೋವು, ಗೇಟಿನ ಹತ್ತಿರದ ಕುಂಟು ನಾಯಿ. ದೇವರಿಗೆ ಇಷ್ಟೆಲ್ಲ ವಿಳಾಸ ಬೇಕೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಶನಿವಾರ ಅವನು ನಾಯಿಯ ಹತ್ತಿರ ಬಂದಾಗ ನನ್ನ ಬಲಗೈ ತಾನಾಗಿ ಹೋಗಿ ನಾಬನ್ನು ತಿರುಗಿಸಿತು. ಉರಿ ದೊಡ್ಡದಾಯಿತು, ಗಂಜಿ ಕೊತಕೊತ ಎಂದಿತು, ದಾನಪ್ಪ ಆಮೆನ್ ಎಂದ. ಅಷ್ಟು ಸುಲಭ. ಆಮೇಲೆ ಇದೇ ರೂಢಿಯಾಯಿತು. ಅದೇ ಒಲೆ, ಅದೇ ಪಾತ್ರೆ, ಅಷ್ಟೇ ನೀರು; ಶನಿವಾರ ಹತ್ತು ನಿಮಿಷಕ್ಕೆ ಕುದಿಯುವ ಗಂಜಿಗೆ ನಮ್ಮ ಗುರುವಾರ ಇಪ್ಪತ್ತೈದು ನಿಮಿಷ ಬೇಕಾಗುತ್ತಿತ್ತು. ನಮ್ಮ ಸಭೆಯ ಪ್ರಾರ್ಥನೆಗೆ ಸಣ್ಣ ಉರಿಯೇ ಒಪ್ಪುತ್ತದೆಂದು ನನ್ನ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಹೀಗೇ ನಡೆಯುತ್ತಿದ್ದಾಗ ಒಂದು ಶನಿವಾರ ನಾನು ನಾಬನ್ನು ಪೂರ್ತಿ ತಿರುಗಿಸಿಬಿಟ್ಟೆ. ಅವನು ಇನ್ನೂ ಮೂರನೆಯ ಮಂಚದಲ್ಲಿದ್ದ. ಅಲ್ಲಿಂದ ಕೆಮ್ಮಿಗೆ ಹೋಗುತ್ತಾನೆಂದು ನಾನು ಕಾದರೆ ಅವನು ಬೇರೆಯೇ ದಾರಿ ಹಿಡಿದ. "ಕರ್ತನೇ, ಈ ನಮ್ಮ ಜಯರಾಜಣ್ಣನ ಎಡಭುಜ ಭಾಳ ನೋಯ್ತೈತಿ. ಯಾರ ಮುಂದೂ ಹೇಳವಲ್ಲ. ತಿರುವುವಾಗ ಹಲ್ಲು ಕಚ್ಚಿ ನಿಂತಿರ್ತಾನ, ನಾನು ನೋಡೀನಿ." ನನ್ನ ಭುಜ ನೋಯುವುದು ನನ್ನ ಹೆಂಡತಿಗೂ ಗೊತ್ತಿರಲಿಲ್ಲ. ನಾನು ತಿರುವುವುದನ್ನು ಬಿಟ್ಟು, ಮರದ ಹುಟ್ಟು ಹಿಡಿದು ಹಾಗೇ ನಿಂತುಬಿಟ್ಟೆ. ಅವನು ನನ್ನ ಭುಜದ ಮೂಳೆ, ನರ, ಮಾಂಸ ಎಲ್ಲವನ್ನೂ ಬಿಡಿಬಿಡಿಯಾಗಿ ದೇವರಿಗೆ ಒಪ್ಪಿಸುತ್ತಿದ್ದ. ಅಷ್ಟರಲ್ಲಿ ಸೀದ ವಾಸನೆ ಬಂತು. ಗಂಜಿ ತಳ ಹಿಡಿದು ಕಪ್ಪಾಗಿತ್ತು.

ಎಲ್ಲರೂ ಕಣ್ಣು ಬಿಟ್ಟರು. ಅಷ್ಟರೊಳಗೆ ನನ್ನ ಕೈ ನಾಬನ್ನು ಸಣ್ಣಗೆ ಮಾಡಿ ವಾಪಸು ಬಂದಿತ್ತು, ಕೈಗಳು ಇಂಥದ್ದರಲ್ಲಿ ಬಹಳ ಚುರುಕು. ಯಾರೂ ಏನೂ ಕೇಳುವ ಮೊದಲೇ ದಾನಪ್ಪ ಹೇಳಿದ: "ನಂದಾ ತಪ್ಪು. ಬಾಯಿ ತಗದ್ರ ಮುಚ್ಚಾಕ ಬರೂದಿಲ್ಲ ನನಗ." ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ ಕೂಡ. ಇನ್ನು ಮೇಲಾದರೂ ಟೈಂ ನೋಡಿಕೋ ಎಂದು ಅವನಿಗೇ ಬುದ್ಧಿ ಹೇಳಿದೆ.

ಆ ಹೊತ್ತಿಗೆ ಕಾಂಪೌಂಡಿನ ಆಚೆ ಡಬ್ಬಿ ಹಿಡಿದು ಜನ ನಿಂತಾಗಿತ್ತು. ಎಂಟಕ್ಕೆ ಡಾಕ್ಟರ ರೌಂಡು. ಅಷ್ಟರಲ್ಲಿ ಅವರು ಒಳಗಿರಬೇಕು. ಮುಂದಿನ ಅರ್ಧ ಗಂಟೆಯಲ್ಲಿ ನಾನು ನೋಡಿದ್ದು ಈ ವಯಸ್ಸಿನಲ್ಲಿ ನೋಡಲು ಸಿಕ್ಕಿತಲ್ಲ ಎಂದು ಈಗಲೂ ಬೆರಗಾಗುತ್ತೇನೆ. ಯಾರೂ ಯಾರನ್ನೂ ಬೈಯಲಿಲ್ಲ. ಫಿಲೋಮಿನಕ್ಕ ಫೋನು ಹಿಡಿದರು, ದಾನಪ್ಪ ಲೂನಾ ಹತ್ತಿದ, ನಮ್ಮ ಸಭೆಯ ಹೆಂಗಸರು ಚಪ್ಪಲಿ ಮೆಟ್ಟದೆ ಓಡಿದರು. ಸ್ವಲ್ಪ ಹೊತ್ತಿಗೆ ಓಣಿಯ ಎರಡೂ ಕಡೆಯಿಂದ ಗಂಜಿ ಬರತೊಡಗಿತು. ಒಂದು ಕುಕ್ಕರಿನಲ್ಲಿ, ಒಂದು ಮುಚ್ಚಳದ ಬಕೆಟಿನಲ್ಲಿ, ಒಂದು ಮದುವೆಯಲ್ಲಿ ಉಡುಗೊರೆ ಬಂದ ಹೊಳೆಯುವ ಡಬರಿಯಲ್ಲಿ. ಒಂದಕ್ಕೆ ಜೀರಿಗೆ, ಒಂದಕ್ಕೆ ಬೆಳ್ಳುಳ್ಳಿ, ಒಂದಕ್ಕೆ ಉಪ್ಪೇ ಇಲ್ಲ, ಇನ್ನೊಂದಕ್ಕೆ ಆ ಉಪ್ಪೂ ಸೇರಿತ್ತು. ಆರು ಮನೆಯ ಗಂಜಿ ಒಂದೇ ಪಾತ್ರೆಗೆ ಬಿತ್ತು. ನಾನು ತಿರುವಿ ನೋಡಿದೆ. ಯಾವುದು ಯಾವ ಸಭೆಯದೆಂದು ನನ್ನಂಥ ಹಿರಿಯನಿಗೂ ಹೇಳಲಾಗಲಿಲ್ಲ. ರುಚಿ ನೋಡಿದೆ, ನಾನು ಅಲ್ಲಿಯವರೆಗೆ ಕಾಸಿದ ಯಾವ ಗಂಜಿಯೂ ಹಾಗಿರಲಿಲ್ಲ. ಇದು ನನಗೆ ಅಷ್ಟೊಂದು ಸಂತೋಷದ ವಿಷಯವಾಗಿರಲಿಲ್ಲ.

ಮುಂದಿನ ಶನಿವಾರ ದಾನಪ್ಪ, "ಕರ್ತನೇ, ಎಲ್ಲರನ್ನೂ ಕಾಪಾಡು, ಆಮೆನ್" ಎಂದು ನಿಲ್ಲಿಸಿದ. ಮಂಚವಿಲ್ಲ, ಕೆಮ್ಮಿಲ್ಲ, ನಾಯಿಯಿಲ್ಲ. ಗಂಜಿ ಕುದಿಯುವವರೆಗೆ ಎಲ್ಲರೂ ಸುಮ್ಮನೆ ನಿಂತಿದ್ದೆವು. ನಾನು ಬಯಸಿದ್ದು ಇದನ್ನೇ. ಆದರೂ ಆ ಮೌನದಲ್ಲಿ ಒಲೆಯ ಸದ್ದು ನನ್ನನ್ನೇ ಕೇಳುತ್ತಿರುವಂತಿತ್ತು. ಮೂರು ಶನಿವಾರ ಹೀಗೇ ಕಳೆದವು.

ನಾಲ್ಕನೆಯ ವಾರದ ಗುರುವಾರ ಹುಲಿಗೆವ್ವ ನನ್ನ ಹತ್ತಿರ ಬಂದಳು. ಕಂಪ್ಲಿ ಕಡೆಯವಳು, ಆ ಮುರಿದ ಕಾಲಿನ ಕೆಂಚಪ್ಪನ ಹೆಂಡತಿ. ಡಬ್ಬಿಗೆ ಗಂಜಿ ಹಾಕಿಸಿಕೊಂಡ ಮೇಲೂ ಹೋಗಲಿಲ್ಲ. "ಯಪ್ಪಾ, ಈಗ ನಮ್ಮ ಮನಿಯವರ ಹೆಸರು ತಗಳ್ಳಾದು ಬಿಟ್ಟೀರೇನು?" ಎಂದಳು. ಶನಿವಾರ ಗೋಡೆಯ ಆಚೆ ಡಬ್ಬಿ ಹಿಡಿದು ನಿಂತವರೆಲ್ಲ ಕಿವಿಗೊಟ್ಟು ಕೇಳುತ್ತಿದ್ದರಂತೆ. ಇವತ್ತು ನಿನ್ನ ಮಗನ ಹೆಸರು ಬಂತು, ನಿನ್ನ ಅತ್ತೆಯ ಹೆಸರು ಬಂತು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರಂತೆ. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ತಮ್ಮವರನ್ನು ಹೆಸರು ಹಿಡಿದು ನೆನೆಯುವವರು ಒಬ್ಬರಿದ್ದಾರೆಂಬ ಧೈರ್ಯ ಅವರಿಗೆ. "ಸೋಮವಾರ ಕಾಲಿಗೆ ರಾಡ್ ಹಾಕ್ತಾರಂತ. ನಮ್ಮ ಹುಲಿಗೆಮ್ಮ ದೇವಿಗೂ ಬೇಡ್ಕೊಂಡೀನಿ. ಶನಿವಾರ ಆ ದಾನಪ್ಪಾರಿಗೆ ಒಂದ್ಸಲ ಹೆಸರು ಹೇಳ್ರಿ ಅನ್ರಿ. ನಿಮಗ ಕೈ ಮುಗೀತೀನಿ." ಅವಳು ನಿಜಕ್ಕೂ ಕೈ ಮುಗಿದಳು. ನಾಬ್ ತಿರುಗಿಸಿದ ಕೈಯನ್ನು ನಾನು ಟವೆಲಿನೊಳಗೆ ಮುಚ್ಚಿಕೊಂಡೆ.

ಶನಿವಾರ ಪಾತ್ರೆ ಒಲೆಗೇರಿತು. ಎಲ್ಲರೂ ಕಣ್ಣು ಮುಚ್ಚುವ ಮೊದಲೇ ನಾನು ನನ್ನದೊಂದು ಮಾತಿದೆ ಎಂದೆ. ಮೊದಲ ಶನಿವಾರದಿಂದ ಹಿಡಿದು ಸೀದ ಶನಿವಾರದವರೆಗೆ ಎಲ್ಲವನ್ನೂ ಹೇಳಿದೆ. ಹುಲಿಗೆವ್ವ ಹೇಳಿದ್ದನ್ನೂ ಹೇಳಿ ಮುಗಿಸಿದಾಗ ದಾನಪ್ಪ ನೆಲ ನೋಡುತ್ತಿದ್ದ.

"ಗೊತ್ತಿತ್ತಣ್ಣ," ಎಂದ. "ಕಣ್ಣು ಮುಚ್ಚಿದ್ದೆ, ಕಿವಿ ಮುಚ್ಚಿದ್ದಿಲ್ಲ. ನೀವು ನಾಬ್ ತಿರುವಿದ ಕೂಡ್ಲೇ ಒಲಿ ಬುಸ್ ಅಂತಿತ್ತು."

ಮತ್ತೆ ಯಾಕೆ ಸುಮ್ಮನಿದ್ದೆ, ತಪ್ಪನ್ನೇಕೆ ಮೈಮೇಲೆ ಹಾಕಿಕೊಂಡೆ ಎಂದು ಕೇಳಿದೆ.

"ಅಂದಿದ್ರ ನೀವು ಹುಟ್ಟು ಒಗದು ಮನಿಗೆ ಹೋಗ್ತಿದ್ರಿ. ನಿಮ್ಮಂಗ ಗಂಟಿಲ್ದಂಗ ತಿರುವೋರು ಇಲ್ಲಿ ಯಾರದಾರ? ಉಳಿದ ಹೆಸರು ನಾನು ಅಂಗಡ್ಯಾಗ ಟಯರ್ ಬಿಚ್ಚಿಕೋಂತ ಹೇಳ್ತಿದ್ದೆ. ಕೆಂಚಪ್ಪಂದೂ ಬಿಟ್ಟಿಲ್ಲ, ನಿಮ್ಮ ಭುಜಾನೂ ಬಿಟ್ಟಿಲ್ಲ. ಗಂಜಿ ಅಂಗಡ್ಯಾಗ ಆಗ್ತೈತೇನ್ರಿ?"

ನಾನು ಕದ್ದೆನೆಂದುಕೊಂಡಿದ್ದನ್ನು ಈ ಮನುಷ್ಯ ಲಾರಿಯ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ದಿನವೂ ಭರ್ತಿ ಮಾಡುತ್ತಿದ್ದ. ಅದರಲ್ಲಿ ಕಳ್ಳನ ಭುಜವೂ ಸೇರಿತ್ತು. ಫಿಲೋಮಿನಕ್ಕನ ಕಡೆ ನೋಡಿದೆ. ಮೂವತ್ತು ವರ್ಷ ಶಾಲೆಯ ಅಡುಗೆ ಮಾಡಿದವಳಿಗೆ ಗುರುವಾರದ ಉರಿ ಯಾವುದು, ಶನಿವಾರದ ಉರಿ ಯಾವುದು ಎಂದು ತಿಳಿಯುವುದಿಲ್ಲವೇ ಎಂದಷ್ಟೇ ಹೇಳಿ ದಾನಪ್ಪನಿಗೆ ಶುರುಮಾಡಲು ಸನ್ನೆ ಮಾಡಿದರು. ಅವನು ಗೋಡೆಯ ಕಡೆ ತಿರುಗಿ, ಆಚೆಯವರಿಗೂ ಕೇಳುವಷ್ಟು ಗಟ್ಟಿಯಾಗಿ, ಕೆಂಚಪ್ಪನಿಂದಲೇ ಹಿಡಿದ. ನಾನು ಉರಿಯನ್ನು ಆದಷ್ಟು ಸಣ್ಣಗೆ ಮಾಡಿದೆ. ಆ ದಿನ ಕುಂಟು ನಾಯಿಗೂ ಮೂರು ವಾಕ್ಯ ಸಿಕ್ಕಿತು.

ಕೆಂಚಪ್ಪ ಈಗ ಕೋಲೂರಿ ನಡೆಯುತ್ತಾನೆ. ಅರ್ಧ ಹುಲಿಗೆಮ್ಮನ ಪಾಲು, ಅರ್ಧ ಗಂಜಿಯವರ ಪಾಲು ಎಂದು ಹುಲಿಗೆವ್ವ ಹಂಚಿಕೊಟ್ಟು ಊರಿಗೆ ಹೋದಳು. ದಾನಪ್ಪನ ಪ್ರಾರ್ಥನೆ ಮೊದಲಿಗಿಂತ ಉದ್ದವಾಗಿದೆ. ಭುಜ ಈಗಲೂ ನೋಯುತ್ತದೆ. ಉದ್ದ ಪ್ರಾರ್ಥನೆಯೆಂದರೆ ಉದ್ದ ತಿರುವುವುದು ತಾನೇ. ಹದಿನೈದನೆಯ ನಿಮಿಷಕ್ಕೆ ನನ್ನ ಬಲಗೈ ತಾನಾಗಿ ನಾಬಿನ ಕಡೆ ಹೊರಡುತ್ತದೆಂದು ಇಲ್ಲಿ ಒಪ್ಪಿಕೊಳ್ಳಲೇಬೇಕು. ಅದಕ್ಕೆ ಎರಡೂ ಕೈಯಲ್ಲಿ ಹುಟ್ಟನ್ನು ಬಿಗಿಯಾಗಿ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿ ನಿಲ್ಲುತ್ತೇನೆ. ಮೊನ್ನೆ ಹೊಸದಾಗಿ ಸೇರಿದ ಹೆಣ್ಣುಮಗಳೊಬ್ಬಳು, ಆ ಹಿರಿಯರ ಭಕ್ತಿ ನೋಡ್ರಿ ಎಂದು ಫಿಲೋಮಿನಕ್ಕನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ಫಿಲೋಮಿನಕ್ಕ ತಮ್ಮ ಮಣೆ ತಂದು ಒಲೆಯ ನಾಬಿನ ಪಕ್ಕದಲ್ಲೇ ಹಾಕಿಕೊಂಡು ಕುಳಿತರು.