ಹಕಾರ ತಪ್ಪಿದ ಪ್ರಶಸ್ತಿ

ನನ್ನ ತಂಗಿಯ ಕೊರಳಿಗೆ ಸಲ್ಲಬೇಕಾದ ಪ್ರಶಸ್ತಿಯನ್ನು ಅವಳ ಕಾಲಿಗೆ ಕೊಟ್ಟವರು ಬೆಂಗಳೂರಿನ ಒಂದು ಯುವಜನ ಸಂಸ್ಥೆಯ ಆಯ್ಕೆ ಸಮಿತಿಯವರು. ಇದನ್ನು ನಾನು ಸುತ್ತಿ ಬಳಸಿ ಹೇಳುವುದಿಲ್ಲ. ಹಾಡುವ ಹುಡುಗಿಯನ್ನು ಕರೆಸಿಕೊಂಡು, ಶಾಲು ಹೊದಿಸಿ, ಫೋಟೊ ತೆಗೆಸಿ, ಕಬಡ್ಡಿ ಆಟಗಾರ್ತಿ ಎಂದು ಬರೆದ ಪ್ರಮಾಣಪತ್ರವನ್ನು ಕೈಗಿಟ್ಟು ಕಳುಹಿಸಿದ್ದಾರೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದು ದಾಕ್ಷಿಣ್ಯದಿಂದಲ್ಲ, ನಮ್ಮ ವಿಷಯದಲ್ಲಿ ಹೆಸರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ತಪ್ಪಾಗಿ ಬರೆದವರ ಹೆಸರನ್ನು ನಾನು ಮಾತ್ರ ಸರಿಯಾಗಿ ಬರೆಯುವುದು ನ್ಯಾಯವಲ್ಲವೆಂದು ತೋರಿದ್ದರಿಂದ. ಓದುಗರಲ್ಲಿ ಕೆಲವರು ಇಷ್ಟಕ್ಕೇ ನಗಬಹುದು. ನಗಲಿ. ಈ ಸಂಗತಿಯನ್ನು ಹೇಳಿಕೊಂಡಲ್ಲೆಲ್ಲ ಜನ ನಕ್ಕಿದ್ದಾರೆ, ಮತ್ತು ಅದೇ ಕಾರಣಕ್ಕೆ ಈವರೆಗೆ ಯಾರೂ ಇದನ್ನು ಸರಿಪಡಿಸಿಲ್ಲ.

ನಡೆದದ್ದನ್ನು ಹೇಳುವ ಮೊದಲು ನಮ್ಮ ಕಡೆಯ ಮಾತಿನ ಬಗ್ಗೆ ಒಂದು ವಿಷಯ ತಿಳಿಸಬೇಕು. ನಂಜನಗೂಡು, ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಪದದ ಮೊದಲಿಗೆ ಬರುವ ಹಕಾರಕ್ಕೆ ನಾವು ಉಸಿರು ಖರ್ಚು ಮಾಡುವುದಿಲ್ಲ. ನಮ್ಮಲ್ಲಿ ಹಾಲು ಆಲು, ಹೂವು ಊವು, ಹೋದವನು ಓದವನು. ಹಾಗಾಗಿ ಶಾಲೆಗೆ ಹೋದವರೆಲ್ಲ ಓದಿದವರೇ. ನಮ್ಮ ಊರು ಹುಲ್ಲಹಳ್ಳಿಗೆ ಸರ್ಕಾರದವರು ಎರಡು ಹಕಾರಗಳನ್ನು ಮಂಜೂರು ಮಾಡಿದ್ದಾರೆ. ನಾವು ಎರಡನ್ನೂ ಮುಟ್ಟದೆ ಉಲ್ಲಳ್ಳಿ ಎಂದುಕೊಂಡು ನೆಮ್ಮದಿಯಾಗಿದ್ದೇವೆ. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿ ನರಸೀಪುರದ ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕನಾಗಿರುವ ನಾನು ಪ್ರತಿ ವರ್ಷವೂ ಇದನ್ನು ಹಲಗೆಯ ಮೇಲೆ ಬರೆದು ತೋರಿಸುತ್ತೇನೆ: ಹಳಗನ್ನಡದಲ್ಲಿ ಪಾಡು, ಆಮೇಲೆ ಹಾಡು, ನಮ್ಮಲ್ಲಿ ಆಡು. ಶಾಸ್ತ್ರದ ಪ್ರಕಾರ ನೋಡಿದರೆ ನಾವು ಬೆಂಗಳೂರಿನವರಿಗಿಂತ ಒಂದು ಹೆಜ್ಜೆ ಮುಂದಿದ್ದೇವೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಏನು ಉಳಿಯುತ್ತದೆಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಅದು ಪಠ್ಯಕ್ರಮದಲ್ಲಿಲ್ಲವೆಂದು ಹೇಳಿ ಕೂರಿಸಿದೆ.

ತಂಗಿ ಮಂಜುಳ ಪದ ಹೇಳಲು, ಅಂದರೆ ಜನಪದ ಗೀತೆ ಹಾಡಲು, ಕಲಿತದ್ದು ಸೋಸಲೆಯಲ್ಲಿರುವ ನಮ್ಮ ಅತ್ತೆಯಿಂದ. ಅಪ್ಪನ ಅಕ್ಕನಾದ ಈ ಅತ್ತೆ ನಾಟಿಯ ಗದ್ದೆಯಲ್ಲಿ ಪದ ಎತ್ತಿಕೊಟ್ಟರೆ, ಹಿಂದಿನ ಹೆಂಗಸರು ಅದರ ಕೊನೆಯನ್ನು ಹಿಡಿದುಕೊಳ್ಳುವ ತನಕ ಉಸಿರು ಬಿಡದೆ ಎಳೆಯುತ್ತಾಳೆ. ಆ ಎಳೆತ ತಂಗಿಗೂ ಬಂದಿದೆ. ಅವಳು ಪಾತ್ರೆ ಉಜ್ಜುತ್ತ ಪದ ಹೇಳುವಾಗ ಬೀದಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುವವರು ನಿಂತು ಕೇಳಿ ಹೋಗುವುದನ್ನು ನಾನು ನೋಡಿದ್ದೇನೆ. ಪಿ.ಯು.ಸಿ. ಮುಗಿಸಿದ ಅವಳಿಗೆ ಮೈಸೂರಿನ ಸಂಗೀತ ಕಾಲೇಜು ಸೇರಬೇಕೆಂಬ ಆಸೆ. ಹುಲ್ಲಹಳ್ಳಿಯಲ್ಲಿ ಸೈಕಲ್ ಶಾಪ್ ಇಟ್ಟಿರುವ ಅಪ್ಪನಿಗೆ ಅವಳು ಟಿ.ಸಿ.ಎಚ್. ಮಾಡಿ ಟೀಚರ್ ಆಗಬೇಕೆಂಬ ಹಟ. ಪದ ಹೇಳುವವರನ್ನು ಯಾವ ಇಲಾಖೆಯವರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆಂದು ಅಪ್ಪ ಕೇಳುತ್ತಿದ್ದರು.

ಇಂಥ ಹೊತ್ತಿನಲ್ಲಿ ಬೆಂಗಳೂರಿನಿಂದ ಫೋನು ಬಂತು. ಮನೆಗೆ ಫೋನು ಬಂದದ್ದು ಇನ್ನೂ ಹೊಸತು. ಅದರ ಮೇಲೆ ಅವ್ವ ಕಸೂತಿ ಹಾಕಿದ ಬಟ್ಟೆಯೊಂದನ್ನು ಹೊದಿಸಿದ್ದಳು. ಜಿಲ್ಲಾ ಮಟ್ಟದಲ್ಲಿ ಬಹುಮಾನ ಪಡೆದವರ ಪೈಕಿ ಕೆಲವರಿಗೆ ಕಲೆಯಲ್ಲೋ ಕ್ರೀಡೆಯಲ್ಲೋ ಪ್ರಶಸ್ತಿ ಕೊಡುತ್ತಾರಂತೆ, ಆ ವರ್ಷ ಪದ ಹೇಳಿ ಗೆದ್ದಿದ್ದ ಮಂಜುಳಳ ಹೆಸರಷ್ಟೇ ಪಟ್ಟಿಯಲ್ಲಿದೆಯಂತೆ, ಅವಳ ಸಾಧನೆಯ ವಿವರ ಬೇಕಂತೆ. ಅಪ್ಪ ಎದ್ದು ನಿಂತು, ಬೆಂಗಳೂರಿನ ದೂರಕ್ಕೆ ತಕ್ಕಷ್ಟು ಜೋರಾಗಿ ವಿವರ ಕೊಟ್ಟರು. ಆ ಕಡೆಯ ಪ್ರಶ್ನೆಗಳು ನನಗೆ ಕೇಳಿಸಲಿಲ್ಲ. ಈ ಕಡೆಯ ಉತ್ತರಗಳು ಇಡೀ ಬೀದಿಗೆ ಕೇಳಿಸಿದವು.

"ಆಡ್ತಾಳೆ ಸಾ, ಸಂದಾಗಿ ಆಡ್ತಾಳೆ. ಚಿಕ್ಕೋಳಾಗಿದ್ದಾಗ್ಲಿಂದ್ಲೂ ಆಡ್ತಾಳೆ... ಒಬ್ಳೇನೂ ಆಡ್ತಾಳೆ, ಗುಂಪಲ್ಲೂ ಆಡ್ತಾಳೆ. ಗುಂಪಾದ್ರೆ ಇವ್ಳೇ ಮುಂದಕ್ಕೋಗದು, ಮಿಕ್ಕೋರು ಇಂದ್ಲಿಂದ ಇಡ್ಕತಾರೆ... ಇಲ್ಲ ಸಾ, ಉಸುರು ಬುಡಂಗಿಲ್ಲ. ಉಸುರು ಬುಟ್ರೆ ಅಲ್ಲಿಗೆ ಕೆಟ್ಟೋಯ್ತದೆ."

ನಾನು ಪಕ್ಕದಲ್ಲೇ ಕುಳಿತಿದ್ದೆ. ಭಾಷಾವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದ ನನ್ನ ಕಿವಿಗೆ ಇದರಲ್ಲಿ ಒಂದು ದೋಷವೂ ಕೇಳಿಸಲಿಲ್ಲ. ಅಪ್ಪ ಇಷ್ಟು ಚೆನ್ನಾಗಿ ಸಂಗೀತವನ್ನು ವಿವರಿಸಬಲ್ಲರೆಂದು ಹೆಮ್ಮೆಯೇ ಆಯಿತು. ಆದರೆ ಆ ಕಡೆ ಕುಳಿತವರ ಹೊಣೆಯೇನು? ಅವಳು ಆಡುವುದು ಏನನ್ನು ಎಂದು ಇನ್ನೊಂದು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ. ಉಸಿರು ಬಿಡದೆ, ಒಬ್ಬಳೇ ಮುಂದೆ ಹೋಗಿ, ಮಿಕ್ಕವರು ಹಿಡಿಯುವ ಆಟ ಯಾವುದೆಂದು ತಾವೇ ತೀರ್ಮಾನಿಸಿ ಬರೆದುಕೊಂಡರು.

ಕರೆಪತ್ರದಲ್ಲಿ ತಮ್ಮ ಅನುಪಮ ಸಾಧನೆಗಾಗಿ ಎಂದಷ್ಟೇ ಇತ್ತು. ಅದನ್ನು ನೋಡಿ ಅಪ್ಪ ಮೊದಲ ಬಾರಿಗೆ ಮೆತ್ತಗಾದರು. "ಬೆಂಗ್ಳೂರ್‌ನೋರು ಇವ್ಳು ಆಡೋಳು ಅಂತ ಬರ್ದುಕೊಡ್ಲಿ ಕಣ್ಲಾ. ನಾನೇ ಕರ್ಕಂಡೋಗಿ ಮೈಸೂರಲ್ಲಿ ಸಂಗೀತಕ್ಕೆ ಸೇರುಸ್ತೀನಿ" ಎಂದರು. ತಂಗಿ ಅಂದಿನಿಂದ ಮೊಸರು ಬಿಟ್ಟಳು, ಕರಿದದ್ದು ಬಿಟ್ಟಳು, ಬಿಸಿಲಿನಲ್ಲೂ ಕೊರಳಿಗೆ ಅಪ್ಪನ ಮಫ್ಲರ್ ಸುತ್ತಿಕೊಂಡು ತಿರುಗಿದಳು. ಬೆಂಗಳೂರಿನ ಬಸ್ಸಿನಲ್ಲಿ ದನಿ ಕೆಡಬಾರದೆಂದು ಅವಳು ಮಾತೇ ಆಡಲಿಲ್ಲ. ಅವಳಿಗಿಲ್ಲದ ಗಾಬರಿ ನನಗೆ. ನಿಲ್ಲಿಸಿದ ಕಡೆಯಲ್ಲೆಲ್ಲ ಇಳಿದು ಗಂಟೆ ಕೇಳಿದೆ, ಹತ್ತಿ ಬಂದು ಬ್ಯಾಗು ಮುಟ್ಟಿ ನೋಡಿದೆ, ಡ್ರೈವರಿಗೆ ಬೇಗ ಹೋಗಬಾರದೇ ಎಂದು ಹೇಳಿ ಬೈಸಿಕೊಂಡೆ. ಮದ್ದೂರಿನಲ್ಲಿ ನಾನು ವಡೆ ಕೊಂಡಾಗ, ಅದರ ಎಣ್ಣೆಯ ವಾಸನೆಯೂ ಗಂಟಲಿಗೆ ಆಗುವುದಿಲ್ಲವೆಂದು ಅವಳು ಕೈಸನ್ನೆ ಮಾಡಿದ್ದರಿಂದ ಕೆಳಗಿಳಿದು ನಿಂತು ತಿಂದು ಬಂದೆ.

ಸಭಾಂಗಣದ ಬಾಗಿಲಲ್ಲಿ ಒಬ್ಬ ಸ್ವಯಂಸೇವಕ ತಂಗಿಗೆ ಗ್ಲೂಕೋಸ್ ಪೊಟ್ಟಣವನ್ನೂ ನೀಲಿ ಟ್ರ್ಯಾಕ್‌ಸೂಟನ್ನೂ ಕೊಟ್ಟ. ಲಂಗ ದಾವಣಿಯಲ್ಲಿದ್ದ ಅವಳು ಇದೇನೆಂಬಂತೆ ನನ್ನ ಮುಖ ನೋಡಿದಳು. ಕಲಾವಿದರಲ್ಲಿ ಬಡವ ಬಲ್ಲಿದನೆಂಬ ಭೇದ ಕಾಣಬಾರದೆಂದು ಒಂದೇ ಬಗೆಯ ಉಡುಪು ಕೊಡುತ್ತಾರೆಂದೂ, ಇದೊಂದು ಪ್ರಗತಿಪರ ಚಿಂತನೆಯೆಂದೂ ನಾನು ವಿವರಿಸಿದೆ. ಅವಳು ದಾವಣಿಯ ಮೇಲೆ ಆ ನೀಲಿ ಅಂಗಿ ತೊಟ್ಟು ವೇದಿಕೆ ಹತ್ತಿದಳು. ನಿರೂಪಕರು, ಉಸಿರನ್ನೇ ಅಸ್ತ್ರವಾಗಿಸಿಕೊಂಡ ಗ್ರಾಮೀಣ ಪ್ರತಿಭೆ ಎಂದು ಪರಿಚಯಿಸಿದರು. ಎಷ್ಟು ಸೊಗಸಾದ ಮಾತು ಎಂದುಕೊಂಡು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ನಾನು. ಸ್ಮರಣಿಕೆಯಾಗಿ ಕೊಟ್ಟದ್ದು ಒಂದು ಕಾಲೆತ್ತಿ ಕೈ ಚಾಚಿದ ಹಿತ್ತಾಳೆಯ ಮನುಷ್ಯನನ್ನು. ಅದು ನಟರಾಜನ ಆಧುನಿಕ ರೂಪವೆಂದು ಪಕ್ಕದಲ್ಲಿ ಕುಳಿತಿದ್ದವರಿಗೂ ಹೇಳಿದೆ.

ಮುಖ್ಯ ಅತಿಥಿಗಳು ಮೈಕಿನ ಮುಂದೆಯೇ ಅವಳನ್ನು ಮಾತಾಡಿಸಿದರು. ರೈಡಿಂಗೋ ಕ್ಯಾಚಿಂಗೋ ಎಂದು ಕೇಳಿದರು. ಅವು ಬೆಂಗಳೂರಿನ ರಾಗಗಳಿರಬೇಕೆಂದು ತಿಳಿದ ತಂಗಿ, ಕಲಿತರೆ ಎರಡೂ ಬರುತ್ತವೆಂದು ವಿನಯದಿಂದ ಹೇಳಿದಳು. ಆಮೇಲೆ, ಬಸ್ಸಿನುದ್ದಕ್ಕೂ ಬಾಯಿ ಬಿಡದೆ ಕಾಪಾಡಿಕೊಂಡು ಬಂದ ದನಿಯಲ್ಲಿ ತಾನೇ ಕೇಳಿದಳು.

"ಈಗ ಆಡ್ಲಾ ಸಾ?"

"ಇಲ್ಲೇನಾ?" ಅತಿಥಿಗಳು ವೇದಿಕೆಯನ್ನು ಒಮ್ಮೆ ನೋಡಿದರು. "ಇಲ್ಲೆಲ್ಲಮ್ಮ ಜಾಗ ಇದೆ?"

ಸಭೆ ಘೊಳ್ಳೆಂದಿತು. ಮುಂದಿನ ಹೆಸರನ್ನು ಕೂಗಿದರು. ಅವಳು ಇಳಿದು ಬಂದು ನನ್ನ ಕೈಗಿತ್ತ ಪ್ರಮಾಣಪತ್ರವನ್ನು ಬಿಚ್ಚಿದಾಗಲೇ ಕಬಡ್ಡಿ ಎಂಬ ಪದವನ್ನು ನಾನು ಕಂಡದ್ದು. ವೇದಿಕೆಯತ್ತ ನುಗ್ಗಿದೆ. ಸ್ವಯಂಸೇವಕರು ಬಹಳ ಗೌರವದಿಂದ ತಡೆದು, ಕ್ರೀಡಾಪಟುಗಳ ಕಡೆಯವರಿಗೆ ಹಿಂದಿನ ಬಾಗಿಲಲ್ಲಿ ಊಟವಿದೆಯೆಂದೂ, ತಕರಾರಿದ್ದರೆ ಕಚೇರಿಗೆ ಬರಬೇಕೆಂದೂ ತಿಳಿಸಿದರು.

ವಾಪಸು ಬರುವ ಬಸ್ಸಿನಲ್ಲಿ ನಾನು ರಾಜಧಾನಿಯ ದರ್ಪದ ಬಗ್ಗೆ, ಉಪಭಾಷೆಗಳ ಅವಮಾನದ ಬಗ್ಗೆ ದೀರ್ಘವಾಗಿ ಮಾತಾಡಿದೆ. ತಂಗಿ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಿದ್ದಳು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಒಂದೇ ಮಾತು ಕೇಳಿದಳು.

"ಅಣ್ಣ, ಪದ ಏಳಕೆ ಎಷ್ಟು ಜಾಗ ಬೇಕು?"

ನಾನು ಉಪಭಾಷೆಗಳ ಅವಮಾನವನ್ನು ಬಿಟ್ಟಲ್ಲಿಂದ ಮತ್ತೆ ಎತ್ತಿಕೊಂಡೆ.

ಅಪ್ಪ ಅಂಗಡಿಯಲ್ಲಿ ಚೈನಿನ ಗ್ರೀಸು ಒರೆಸಿಕೊಂಡು ಪ್ರಮಾಣಪತ್ರವನ್ನು ತುದಿ ಬೆರಳಲ್ಲಿ ಹಿಡಿದು ಓದಿದರು. ಅವರ ಮುಖದಲ್ಲಿ ಸಿಟ್ಟು ಕಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ನಾನ್ ಏಳ್ದಂಗೆ ಆಡೋಳು ಅಂತ್ಲೇ ಬರ್ದವ್ರಲ್ಲಾ" ಎಂದರು. ಪತ್ರವನ್ನು ನನ್ನ ಕೈಗೆ ವಾಪಸು ಕೊಟ್ಟು, "ಓದ್ದೋನು ಅಂತ ನಿನ್ನ ಜೊತೇಲಿ ಕಳುಸ್ದೆ, ನೀ ಏನ್ಲಾ ಮಾಡ್ತಿದ್ದೆ ಅಲ್ಲಿ?" ಎಂದರು. ಮರುದಿನ ನಂಜನಗೂಡಿಗೆ ಹೋಗಿ ಟಿ.ಸಿ.ಎಚ್. ಅರ್ಜಿ ತಂದರು. ಪತ್ರಿಕೆಯಲ್ಲಿ ಫೋಟೊ ನೋಡಿದ ಪಕ್ಕದೂರು ಹೆಮ್ಮರಗಾಲದ ಯುವಕರು ತಮ್ಮ ಕಬಡ್ಡಿ ಪಂದ್ಯಾವಳಿಯನ್ನು ಅವಳೇ ಉದ್ಘಾಟಿಸಬೇಕೆಂದು ಮನೆಗೆ ಬಂದರು. ಅವ್ವ ಅವರಿಗೆ ಕಾಫಿ ಕೊಟ್ಟು, ಕೂಸಿಗೆ ಕಾಲು ನೋವೆಂದು ಹೇಳಿ ಕಳುಹಿಸಿದಳು. ತಂಗಿ ಪಾತ್ರೆ ಉಜ್ಜುತ್ತಾಳೆ. ಈಗ ಪಾತ್ರೆಯ ಸದ್ದು ಮಾತ್ರ ಕೇಳಿಸುತ್ತದೆ.

ನಾನು ಬೆಂಗಳೂರಿನ ಆ ಕಚೇರಿಗೆ ಒಬ್ಬನೇ ಹೋದೆ. ದಾರಿಯುದ್ದಕ್ಕೂ ನನ್ನ ವಾದವನ್ನು ಅಚ್ಚುಕಟ್ಟಾದ ಶಿಷ್ಟ ಕನ್ನಡದಲ್ಲಿ ಸಿದ್ಧಪಡಿಸಿದ್ದೆ. ಪಕಾರವು ಹಕಾರವಾದ ಬಗೆ, ಹಕಾರವು ಲೋಪವಾದ ಬಗೆ ಎಲ್ಲವೂ ಅದರಲ್ಲಿತ್ತು. ಕಾರ್ಯದರ್ಶಿಗಳು ಸಭ್ಯರು. ನನ್ನನ್ನು ಕೂರಿಸಿ, ತಾವು ಟೀ ಕುಡಿಯುತ್ತ, ತಂದೆಯವರೇ ಫೋನಿನಲ್ಲಿ ಆಡುತ್ತಾಳೆ ಎಂದಿದ್ದಾರೆ, ಹುಡುಗಿಯೂ ವೇದಿಕೆಯ ಮೇಲೆ ಅದನ್ನೇ ಹೇಳಿದ್ದಾಳೆ, ಈಗ ನೀವೊಬ್ಬರು ಬಂದು ಇಲ್ಲವೆಂದರೆ ದಾಖಲೆ ತಿದ್ದುವುದು ಹೇಗೆ ಎಂದರು. ದಾಖಲೆ ಎಂಬ ಮಾತಿಗೆ ನನ್ನ ಸಿಟ್ಟು ನೆತ್ತಿಗೇರಿತು. ಎದ್ದು ನಿಂತು ಮೇಜು ಗುದ್ದಿದೆ.

"ಅವ್ಳು ಆಡಲ್ಲ ಸಾ, ಆಡ್ತಾಳೆ."

ಕಾರ್ಯದರ್ಶಿಗಳು ಲೋಟ ಕೆಳಗಿಟ್ಟರು. "ನಾವೂ ಅದನ್ನೇ ಅಲ್ವಾ ಬರೆದಿರೋದು?" ಎಂದರು.

ಆದ್ದರಿಂದ, ಸಂಸ್ಥೆಯ ಮಾನ್ಯ ಅಧ್ಯಕ್ಷರಲ್ಲಿ ಮತ್ತು ಆಯ್ಕೆ ಸಮಿತಿಯ ಸದಸ್ಯರಲ್ಲಿ ಈ ಮೂಲಕ ಕೋರುವುದೇನೆಂದರೆ: ಒಬ್ಬ ಹುಡುಗಿಯ ಸಾಧನೆಯನ್ನು ವಿಚಾರಿಸದೆ ಊಹಿಸಿ ಬರೆದವರು ಯಾರೆಂಬುದಕ್ಕೆ ಉತ್ತರ ಕೊಡಬೇಕು. ಸಂಗೀತ ಕಾಲೇಜಿನ ಪ್ರವೇಶ ಮುಗಿಯುವುದರೊಳಗೆ, ಗಾಯನಕ್ಕಾಗಿ ಎಂದು ನಮೂದಿಸಿದ ಪ್ರಮಾಣಪತ್ರವನ್ನು ನಮ್ಮ ತಂದೆಯವರ ವಿಳಾಸಕ್ಕೆ ಕಳುಹಿಸಬೇಕು. ತಮ್ಮ ಮುಂದಿನ ಸಮಾರಂಭದಲ್ಲಿ ಅವಳಿಗೆ ಒಂದು ಮೈಕನ್ನೂ, ಎರಡು ಪಾದ ಊರುವಷ್ಟು ಜಾಗವನ್ನೂ ಒದಗಿಸಬೇಕು. ಅದಕ್ಕಿಂತ ಹೆಚ್ಚು ಬೇಕಾಗಿಲ್ಲವೆಂದು ವಿಚಾರಿಸಿ ತಿಳಿದಿದ್ದೇನೆ. ಈ ಬಗ್ಗೆ ಕೈಗೊಂಡ ಕ್ರಮವನ್ನು ದಯವಿಟ್ಟು ಬರವಣಿಗೆಯಲ್ಲಿಯೇ ತಿಳಿಸಬೇಕಾಗಿ ಪ್ರಾರ್ಥನೆ. ನಮ್ಮ ಮನೆಯಲ್ಲಿ ಫೋನು ಎತ್ತುವವರು ಅಪ್ಪ, ಅವರಿಲ್ಲದಿದ್ದರೆ ನಾನು.