ಏಳು ಸೀರೆಯ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನ ಸೀರೆಯನ್ನು ಜಿಲ್ಲೆಯ ಅರ್ಧದಷ್ಟು ಗಂಡಸರು ಎಳೆದಿದ್ದಾರೆ. ಗಾಬರಿಯಾಗಬೇಡಿ! ಎಲ್ಲರೂ ಮರ್ಯಾದಸ್ಥರೇ. ಕರಪತ್ರ ಅಚ್ಚು ಹಾಕಿಸಿ, ಮೈಕಿನಲ್ಲಿ ಕೂಗಿಸಿ, ಊರಿನವರನ್ನೆಲ್ಲ ಎದುರಿಗೆ ಕೂರಿಸಿಕೊಂಡು ಎಳೆದವರು. ಎಳೆಯುವ ಮುಂಚೆ ಚಿಕ್ಕಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದವರು. ಅವರಲ್ಲಿ ಮೇಷ್ಟ್ರುಗಳಿದ್ದರು, ಸೊಸೈಟಿ ಸೆಕ್ರೆಟರಿಗಳಿದ್ದರು, ದನದ ಆಸ್ಪತ್ರೆಯ ಕಾಂಪೌಂಡರೂ ಒಬ್ಬರಿದ್ದರು.

ನಮ್ಮ ಕಡೆಯ ಪೌರಾಣಿಕ ನಾಟಕಗಳ ರೀತಿಯೇ ಹಾಗೆ. ಗಂಡು ಪಾತ್ರಗಳೆಲ್ಲ ಊರಿನವರದ್ದೇ. ಹಾರ್ಮೋನಿಯಂ ಮೇಷ್ಟ್ರನ್ನು ಇಟ್ಟುಕೊಂಡು ತಿಂಗಳುಗಟ್ಟಲೆ ಕಲಿಯುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಪೇಟೆಯಿಂದ ಕಲಾವಿದೆಯರು ಬರಬೇಕು. ನಾಟಕದ ದಿನವೇ ಟ್ರಂಕು ಹಿಡಿದು ಬಸ್ಸಿಳಿದು, ಅದುವರೆಗೆ ಮುಖವನ್ನೇ ನೋಡಿರದ ಐದು ಜನ ಗಂಡಂದಿರ ಜೊತೆ ಸಂಸಾರ ಮಾಡಿ, ಮರುದಿನ ಮೊದಲ ಬಸ್ಸಿಗೆ ವಾಪಸು! ತುಂಬಿದ ಸಭೆಯಲ್ಲಿ ಮೈದುನನಿಂದ ಸೀರೆ ಎಳೆಸಿಕೊಳ್ಳುವ ಆ ರಾಣಿಯ ಪಾತ್ರ ಬೇಕೆಂದರೆ ಅರಸೀಕೆರೆಯ ನಮ್ಮ ಮನೆಯೆದುರಿನ ಎಸ್.ಟಿ.ಡಿ. ಬೂತಿಗೆ ಫೋನು ಬರುತ್ತಿತ್ತು. ಬೂತಿನವನು ರಸ್ತೆಯಿಂದಲೇ "ಅಮ್ಮಾ, ನಿಮ್ಮ ಗಂಡಂದಿರ ಕಡೆಯಿಂದ ಫೋನೂ!" ಎಂದು ಕೂಗುತ್ತಿದ್ದ. ಮದುವೆಯೇ ಆಗದ ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಓಡುತ್ತಿದ್ದಳು.

ಅವಳು ಪುರಾಣದ ಹೆಸರುಗಳನ್ನು ಬಳಸುತ್ತಲೇ ಇರಲಿಲ್ಲ. ಎಲ್ಲ ನೆಂಟಸ್ತಿಕೆಯಲ್ಲೇ. ಒಮ್ಮೆ ಗೆಂಡೆಹಳ್ಳಿ ಕಡೆಯ ನಾಟಕಕ್ಕೆ ನಾನೂ ಜೊತೆಗೆ ಹೋಗಿದ್ದೆ. ಬಸ್ಸಿಳಿದವಳೇ ಕೇಳಿದಳು:

"ಎಲ್ರಪ್ಪಾ ನನ್ನ ಗಂಡಂದಿರು? ಐದು ಜನಾನೂ ಬಂದಿದ್ದಾರಾ?"

"ನಾಕು ಜನ ಅವ್ರೆ ಕಣಮ್ಮ. ಎರಡನೇರು ಗೊಬ್ಬರ ತರಕ್ಕೆ ಬೇಲೂರಿಗೆ ಹೋಗವ್ರೆ, ಈಗ ಬತ್ತಾರೆ."

"ಬರಲಿ ಬಿಡಿ. ಮೊದಲು ನನ್ನ ಮೈದುನನ್ನ ಕರೀರಿ."

ಮೈದುನ ಬಂದರು. ಅವರೇ ಆ ಕಾಂಪೌಂಡರು. ಕೊಬ್ಬಿದ ಹೋರಿಗಳನ್ನು ಕೆಡವಿ ಸೂಜಿ ಚುಚ್ಚುವ ಮನುಷ್ಯ ಚಿಕ್ಕಮ್ಮನೆದುರು ಕೈಕಟ್ಟಿ ನಿಂತರು. ಚಿಕ್ಕಮ್ಮ ಟ್ರಂಕು ತೆಗೆದು ಪಾಠ ಶುರುಮಾಡಿದಳು. "ನೋಡಪ್ಪ, ಏಳು ಸೀರೆ ಉದ್ದಕ್ಕೆ ಸೇರಿಸಿ ಹೊಲಿದಿದ್ದೀನಿ. ನೀನು ಎಳೀತಾ ಹೋಗು, ನಾನು ಸುತ್ತುತಾ ಹೋಗ್ತೀನಿ. ಕೈಗೆ ಕೆಂಪು ದಾರದ ಗಂಟು ಸಿಕ್ತೋ, ಸುಸ್ತಾಗಿ ಬಿದ್ದುಬಿಡು. ಗಂಟು ದಾಟಿ ಎಳೆದೆಯೋ, ಆಮೇಲೆ ದೇವರ ಪಾರ್ಟಿನವರೂ ನಿನ್ನನ್ನ ಕಾಪಾಡಲ್ಲ!"

ದೃಶ್ಯ ಬಂತು. ಮೈದುನ ಮೀಸೆ ತಿರುವಿ ಅಟ್ಟಹಾಸ ಮಾಡಿ ಸೆರಗಿನ ಹತ್ತಿರ ಬಂದರು. ತಲೆಯ ಮೇಲೆ ಮೈಕು ತೂಗುತ್ತಿರುವುದು ಮರೆತು ಮೆಲ್ಲಗೆ ಅಂದರು: "ಅಮ್ಮಾ, ತಪ್ಪು ತಿಳ್ಕಬ್ಯಾಡಿ. ಈಗ ಎಳೀತೀನಿ."

ಇಡೀ ಊರು ಗೊಳ್ಳೆಂದಿತು. ನಾಟಕ ಕೆಟ್ಟೇಹೋಯಿತು ಅಂದುಕೊಂಡೆ. ಚಿಕ್ಕಮ್ಮ ಎರಡೂ ಕೈ ಮೇಲೆತ್ತಿ ರಾಗವಾಗಿ ಹೇಳಿದಳು: "ಅಪ್ಪಣೆ ಕೇಳಿ ಸೀರೆ ಎಳೆಯುವ ಮೈದುನನನ್ನು ಹೆತ್ತ ಅತ್ತೆಯೇ, ನೀನೇ ಧನ್ಯೆ!" ಚಪ್ಪಾಳೆಯೋ ಚಪ್ಪಾಳೆ. ಇದೂ ಪುಸ್ತಕದಲ್ಲಿದೆ ಅಂದುಕೊಂಡರು ಜನ.

ಇಷ್ಟೆಲ್ಲ ಚಪ್ಪಾಳೆ ಗಿಟ್ಟಿಸಿದರೂ ಚಿಕ್ಕಮ್ಮನಿಗೆ ಒಂದೇ ಒಂದು ಕೊರಗಿತ್ತು. ನಮ್ಮ ಅಮ್ಮ, ಅಂದರೆ ಅವಳ ಅಕ್ಕ, ಒಂದು ದಿನವೂ ಅವಳ ನಾಟಕ ನೋಡಿರಲಿಲ್ಲ. ಅಜ್ಜಿ ಹೋದಾಗ ಚಿಕ್ಕಮ್ಮನಿಗೆ ಮೂರು ವರ್ಷವಂತೆ. ತಲೆ ಬಾಚಿ, ಜಡೆ ಹಾಕಿ, ತುತ್ತು ತಿನ್ನಿಸಿ ಬೆಳೆಸಿದ್ದೆಲ್ಲ ಅಮ್ಮನೇ. ಪ್ರತಿ ಸಲವೂ ಟ್ರಂಕು ಹಿಡಿದು ಬಾಗಿಲಲ್ಲಿ ನಿಂತು ಚಿಕ್ಕಮ್ಮ ಕೇಳುತ್ತಿದ್ದಳು: "ಅಕ್ಕಾ, ಬರ್ತೀಯಾ?" ಅಮ್ಮನ ಹತ್ತಿರ ನೆಪ ಸಿದ್ಧವಾಗಿರುತ್ತಿತ್ತು. ನನಗೆ ಕ್ಯಾಲೆಂಡರಿನಲ್ಲಿ ಎಲ್ಲವನ್ನೂ ಗುರುತು ಹಾಕುವ ಅಭ್ಯಾಸ. ಗ್ಯಾಸ್ ಸಿಲಿಂಡರ್ ಬಂದ ದಿನದ ಪಕ್ಕದಲ್ಲೇ ಅಮ್ಮನ ನೆಪಗಳೂ ಇವೆ. 'ಅವರೆಕಾಯಿ ಸುಲಿಯಬೇಕು.' 'ಹಾಲಿನವನು ಬರ್ತಾನೆ.' 'ಸಂಡಿಗೆ ಒಣಗಿಲ್ಲ.' ಒಂದು ಮಳೆಗಾಲದಲ್ಲೂ ಸಂಡಿಗೆ ಒಣಗಿಲ್ಲ ಎಂದಿದೆ! ಮಳೆಯಲ್ಲಿ ಸಂಡಿಗೆ ಇಟ್ಟವರು ಯಾರು? ತಂಗಿ ನಾಟಕದವಳಾದಳೆಂದು ಅಮ್ಮನಿಗೆ ನಾಚಿಕೆ ಇರಬೇಕೆಂದು ನಾವೆಲ್ಲ ತೀರ್ಮಾನಿಸಿದ್ದೆವು.

ನಾಟಕ ಮುಗಿಸಿ ಬಂದ ದಿನ ಆ ಏಳು ಸೀರೆ ಒಗೆದು ಒಣಹಾಕುವುದೇ ಇನ್ನೊಂದು ನಾಟಕ. ನಮ್ಮ ಗೇಟಿನಿಂದ ಹಿಟ್ಟಿನ ಗಿರಣಿಯ ಕಂಬದವರೆಗೆ ಹಗ್ಗ ಕಟ್ಟಬೇಕು. ಒಂದು ತುದಿ ಚಿಕ್ಕಮ್ಮ, ಇನ್ನೊಂದು ತುದಿ ನಾನು. ಬೀದಿಗೆ ಹೊಸದಾಗಿ ಬಂದವರೊಬ್ಬರು, "ಯಾರ ಮನೇಲ್ರೀ ಮದುವೆ?" ಎಂದು ಕೇಳಿದರು. "ಮದುವೆಯಾಗಿ ಐದು ಜನ ಗಂಡಂದಿರಾದರು ಕಣ್ರೀ. ಇದು ಬರೀ ಒಗೆದ ಬಟ್ಟೆ" ಎಂದಳು ಚಿಕ್ಕಮ್ಮ. ಅಮ್ಮ ಮಾತ್ರ ಆ ಸೀರೆಯ ಪಕ್ಕ ಹಾದುಹೋಗುವಾಗ ಹೊಲಿಗೆಯ ಮೇಲೆ ಬೆರಳಾಡಿಸಿ ಒಳಗೆ ಹೋಗುತ್ತಿದ್ದಳು.

ಇನ್ನು ಸಿನಿಮಾ. ಅದೂ ಆಯಿತು! ಹಳೇಬೀಡಿನಲ್ಲಿ ಶೂಟಿಂಗ್ ನಡೆಯುತ್ತಿದೆಯೆಂದು ಕೇಳಿ ಚಿಕ್ಕಮ್ಮ ಜಾವಗಲ್ ಬಸ್ಸು ಹತ್ತಿದಳು. ಅವಳ ಮುಖ ನಿರ್ದೇಶಕರಿಗೆ ಬಹಳ ಹಿಡಿಸಿತು. ನಾಯಕನ ತಾಯಿಯ ಪಾತ್ರ! ಆದರೆ ತಾಯಿ ಕಥೆ ಶುರುವಾಗುವ ಮೊದಲೇ ಸತ್ತಿದ್ದಾಳೆ. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಮಾತ್ರ. ಚಿಕ್ಕಮ್ಮ ಕುಗ್ಗಲಿಲ್ಲ.

"ಯಾವ ಕಾಯಿಲೆಯಿಂದ ಸತ್ತೆ ಸಾರ್?"

"ಅದು ಕಥೇಲಿಲ್ಲಮ್ಮ."

"ಕಾಯಿಲೆ ಗೊತ್ತಿಲ್ಲದೆ ಮುಖ ಹೇಗಿಟ್ಕೊಳ್ಳಲಿ?"

ನಿರ್ದೇಶಕರು ತಲೆ ಕೆರೆದುಕೊಂಡು ಟೈಫಾಯ್ಡ್ ಅಂದರು. ಮುಂದೆ ಆ ಸಿನಿಮಾ ಅರಸೀಕೆರೆಗೆ ಬಂದಾಗ, ನಾಯಕ ಫೋಟೋದ ಎದುರು ಬಿದ್ದು ಹೊರಳಾಡಿ ಅಳುತ್ತಿದ್ದರೆ, ಚಿಕ್ಕಮ್ಮ ಪಕ್ಕದ ಸೀಟಿನಿಂದ ನನ್ನನ್ನು ತಿವಿದು ಕೇಳಿದ್ದಳು: "ಕಣ್ಣಲ್ಲಿ ಜ್ವರ ಕಾಣ್ತಿದೆಯಾ ನೋಡೇ?"

ಶೂಟಿಂಗ್ ಮುಗಿದ ಮೇಲೆ ಫೋಟೋ ಅವಳಿಗೇ ಕೊಟ್ಟರು, ಗಂಧದ ಹಾರದ ಸಮೇತ. ತಂದು ನಮ್ಮ ನಡುಮನೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದಳು. ಎರಡು ದಿನದಲ್ಲಿ ಭಜನೆ ಮಂಡಳಿಯ ಹೆಂಗಸರು ಬಂದರು. ಫೋಟೋ ನೋಡಿ ಸೆರಗು ಬಾಯಿಗೆ ಹೋಯಿತು. "ಅಯ್ಯೋ, ಯಾವಾಗ ಹೋದ್ರು? ನಮಗೆ ಗೊತ್ತೇ ಆಗಲಿಲ್ವಲ್ರೀ!"

ಅಡುಗೆಮನೆಯಿಂದ ಕಾಫಿ ತಟ್ಟೆಯೊಂದಿಗೆ ಬಂದ ಚಿಕ್ಕಮ್ಮ, "ಬೆಳಿಗ್ಗೆ ಹೋಗಿದ್ದೆ ಕಣ್ರೀ, ತರಕಾರಿ ತರೋಕೆ. ಸಕ್ಕರೆ ಎಷ್ಟು ಹಾಕಲಿ?" ಅಂದಳು.

ಒರಳಿನಲ್ಲಿ ಹಿಟ್ಟು ರುಬ್ಬಲು ಕೂತಿದ್ದ ಅಮ್ಮ ಕೈ ತೊಳೆಯದೆ ಎದ್ದು ಬಂದಳು. ಹಾರವನ್ನು ಕಿತ್ತು ನೇರವಾಗಿ ಬಚ್ಚಲ ಒಲೆಗೆ ಹಾಕಿದಳು. "ಬದುಕಿರೋಳ ಫೋಟೋಗೆ ಹಾರ ಹಾಕ್ತಾರೇನೇ? ಬುದ್ಧಿ ಇದೆಯಾ ನಿಂಗೆ?" ಚಿಕ್ಕಮ್ಮನಿಗೋ ಖುಷಿ! "ಅಂತೂ ಅಕ್ಕ ನನ್ನ ಒಂದು ಪಾರ್ಟಾದ್ರೂ ನೋಡಿದ್ಲು ಬಿಡೇ."

ಹೀಗೇ ವರ್ಷಗಳು ಕಳೆದವು. ಸುತ್ತೀ ಸುತ್ತೀ ಚಿಕ್ಕಮ್ಮನ ಮಂಡಿ ಸವೆಯಿತು. ಒಂದು ಬೇಸಿಗೆಯಲ್ಲಿ ಬಸ್ತಿಹಳ್ಳಿ ಕಡೆಯಿಂದ ಫೋನು ಬಂತು. ಕರೆಂಟು ನಂಬುವಂತಿಲ್ಲವೆಂದು ಅವರು ಹಗಲಲ್ಲೇ ನಾಟಕ ಇಟ್ಟುಕೊಂಡಿದ್ದರು. ಬಾಗಿಲಲ್ಲಿ ನಿಂತ ಚಿಕ್ಕಮ್ಮ ಈ ಸಲ ಟ್ರಂಕು ಕೆಳಗಿಟ್ಟು ಹೇಳಿದಳು: "ಇದೇ ಕೊನೆ ಅಕ್ಕಾ. ಮಂಡಿ ಕೇಳ್ತಿಲ್ಲ. ಈಗಲಾದ್ರೂ ಬಾರೇ."

ಅಮ್ಮ "ಹಾಲಿನವನು..." ಎಂದು ಶುರುಮಾಡಿದಳು. "ಪಕ್ಕದ ಮನೆಯವರು ತಗೋತಾರೆ" ಎಂದೆ ನಾನು. ಬೇರೆ ನೆಪ ಸಿಗದೆ ಅಮ್ಮ ಚಪ್ಪಲಿ ಮೆಟ್ಟಿದಳು.

ಶಾಮಿಯಾನದ ಕೆಳಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿದ್ದರು. ಅಮ್ಮ ಮಡಿಲಲ್ಲಿ ಕೈ ಬಿಗಿಹಿಡಿದು ಕೂತಿದ್ದಳು. ಆ ದೃಶ್ಯ ಬಂತು. ಈ ಮೈದುನ ಗಟ್ಟಿಗ, ಕಾಂಪೌಂಡರ ಹಾಗಲ್ಲ. ಜುಟ್ಟು ಹಿಡಿದು ಎಳೆತಂದು, ಸೆರಗಿಗೆ ಕೈ ಹಾಕಿದ. ಒಂದು ಸೀರೆ ಹೋಯಿತು, ಎರಡು ಹೋಯಿತು. ಚಿಕ್ಕಮ್ಮ ಮಂಡಿ ನೋವಿನಲ್ಲೂ ಗಿರಗಿರ ಸುತ್ತುತ್ತಾ ಕೂಗುತ್ತಿದ್ದಳು: "ನನ್ನವರೆನ್ನುವವರು ಯಾರೂ ಇಲ್ಲವೇ?"

ನನ್ನ ಪಕ್ಕದ ಕುರ್ಚಿ ಬಿದ್ದ ಸದ್ದಾಯಿತು.

"ಏಯ್! ಬಿಡೋ ಕೈನ! ತಾಯಿಲ್ಲದ ಮಗು ಕಣೋ ಅದು!"

ಅಮ್ಮ ಎದ್ದು ನಿಂತಿದ್ದಳು. ಹಾರ್ಮೋನಿಯಂ ನಿಂತಿತು. ಮೈದುನ ಸೀರೆ ಕೆಳಗೆ ಬಿಟ್ಟು, ಪಾತ್ರ ಮರೆತು, "ತಪ್ಪಾಯ್ತು ಕಣವ್ವ" ಎಂದ. ಇನ್ನೂ ಐದು ಸೀರೆ ಬಾಕಿಯಿದೆಯೆಂದು ಟೀ ಕುಡಿಯುತ್ತಿದ್ದ ದೇವರು ಲೋಟ ಹಿಡಿದೇ ಇಣುಕಿದರು. ಎಂಥ ಎಡವಟ್ಟನ್ನೂ ಒಂದು ಮಾತಿನಲ್ಲಿ ಸರಿಮಾಡುವ ಚಿಕ್ಕಮ್ಮನನ್ನೇ ಎಲ್ಲರೂ ನೋಡಿದರು. ಅವಳ ಬಾಯಿಂದ ಹೊರಟಿದ್ದು ಒಂದೇ ಮಾತು: "ಅಕ್ಕಾ."

ಪರದೆ ಎಳೆದುಬಿಟ್ಟರು. ಆವತ್ತು ಕೆಂಪು ಗಂಟಿನವರೆಗೆ ನಾಟಕ ಹೋಗಲೇ ಇಲ್ಲ.

ಮರುದಿನ ಸೀರೆ ಒಣಹಾಕುವಾಗ ಅಮ್ಮ ಬಂದು ನನ್ನ ಕೈಯಿಂದ ತುದಿ ತೆಗೆದುಕೊಂಡಳು. ಒಣಗಿದ ಮೇಲೆ ತನ್ನ ಪೆಟ್ಟಿಗೆಯಿಂದ ಹಸಿರು ಹತ್ತಿ ಸೀರೆಯೊಂದನ್ನು ತೆಗೆದು, ಕೆಂಪು ಗಂಟಿನ ಒಳಬದಿಗೆ, ಎಳೆಯುವವರ ಕೈಗೆ ಸಿಗದ ಕಡೆ, ಸೇರಿಸಿ ಹೊಲಿಯಲು ಕೂತಳು. ಎರಡೆರಡು ಸಲ ಸೂಜಿ ಹಾಕಿ, ಒತ್ತೊತ್ತಾಗಿ.

"ಕೊನೇ ನಾಟಕ ಆಯ್ತಲ್ಲಮ್ಮ, ಇನ್ಯಾಕೆ?" ಎಂದೆ.

"ಅವಳ ಮಾತು ನಂಬ್ತೀಯಾ?"

ಹದಿನೈದು ದಿನ ಕಳೆದಿರಲಿಲ್ಲ, ಅರೇಹಳ್ಳಿಯಿಂದ ಫೋನು. ಮಂಡಿಗೆ ಬಟ್ಟೆ ಬಿಗಿದುಕೊಂಡು, ಟ್ರಂಕು ಹಿಡಿದು ಚಿಕ್ಕಮ್ಮ ಬಾಗಿಲಲ್ಲಿ ನಿಂತಳು.

"ಅಕ್ಕಾ, ಬರ್ತೀಯಾ?"

ನಾನು ಕ್ಯಾಲೆಂಡರಿನ ಹತ್ತಿರ ಹೋಗಿ ಪೆನ್ನು ತೆಗೆದೆ. ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಮ್ಮ ತಲೆಯೆತ್ತದೆ ಅಂದಳು:

"ನನ್ನ ಸೀರೆ ಬರ್ತಿದೆಯಲ್ಲೇ. ಹೋಗ್ಬಾ."