ಹೊಗೆ ನುಂಗುವ ಕವಾಟ ಮತ್ತು ಪಕ್ಕದ ಆಸನ

ಆದದ್ದನ್ನು ಮರೆತುಬಿಡಿ ಎಂದು ಬುದ್ಧಿ ಹೇಳುವವರನ್ನು ನಾನು ಬಹುಕಾಲದಿಂದ ಗಮನಿಸುತ್ತ ಬಂದಿದ್ದೇನೆ. ಅವರಲ್ಲಿ ಹೆಚ್ಚಿನವರು, ಇತರರು ಮರೆಯಲೇಬೇಕಾದಂಥದ್ದನ್ನು ಹಿಂದೆ ಎಂದೋ ಮಾಡಿದವರು. ನನಗೆ ಮರೆವಿನ ಆ ಸೌಕರ್ಯ ಒದಗಿಬಂದಿಲ್ಲ. ನನ್ನ ನಿವೃತ್ತಿಯ ಬೀಳ್ಕೊಡುಗೆಯ ದಿನ ಕಾರ್ಖಾನೆಯ ವ್ಯವಸ್ಥಾಪಕರು, “ಇನ್ನು ಮುಂದೆ ನಮ್ಮ ಮಾಲು ಬೇಗಬೇಗ ಹೊರಬೀಳುತ್ತದೆ” ಎಂದು ನಗುನಗುತ್ತ ನುಡಿದದ್ದೂ, ತಪಾಸಣಾ ವಿಭಾಗದಲ್ಲಿ ನನ್ನ ಕೈಕೆಳಗಿದ್ದವರೇ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದೂ, ಹಾಗೆ ತಟ್ಟಿದವರು ಯಾವ ಸಾಲಿನಲ್ಲಿ ಕುಳಿತಿದ್ದರೆಂಬುದೂ ನನಗೆ ಚೆನ್ನಾಗಿ ನೆನಪಿದೆ. ಇದನ್ನು ಹಗೆತನವೆಂದು ಕರೆಯುವವರಿದ್ದಾರೆ. ಮೂವತ್ತು ವರ್ಷ ಯಂತ್ರದ ಬಿಡಿಭಾಗಗಳ ಕೂದಲೆಳೆಯಷ್ಟು ವ್ಯತ್ಯಾಸವನ್ನು ಅಳೆದು ತಿರಸ್ಕರಿಸಿದವನಿಗೆ, ಮನುಷ್ಯರ ಮಾತನ್ನು ಮಾತ್ರ ಅಳೆಯದೆ ಒಳಕ್ಕೆ ಬಿಟ್ಟುಕೊಳ್ಳಿ ಎನ್ನುವುದು ಎಲ್ಲಿಯ ನ್ಯಾಯ?

ನಿವೃತ್ತಿಯ ಬಳಿಕ ನಾನು ಕೊಂಡದ್ದು ಹಳೆಯದೊಂದು ಜಪಾನಿ ಕಾರು. ಸಿಂಗಪುರದಲ್ಲಿ ನೌಕರಿ ಮುಗಿಸಿ ಮರಳಿದ ಕಾಕ್ಸ್ ಟೌನಿನ ಹಿರಿಯರೊಬ್ಬರು ಅದನ್ನು ಮನೆಯ ಸಾಮಾನಿನೊಡನೆ ಹಡಗಿನಲ್ಲಿ ತಂದಿದ್ದರು. ಅಂದಿನ ನಮ್ಮ ದೇಶದ ಕಾರುಗಳಲ್ಲಿ ಕಾಣದ ಒಂದು ಅಂಗ ಅದರ ಇಂಜಿನ್ನಿಗಿತ್ತು: ಇ.ಜಿ.ಆರ್. ಕವಾಟ. ಇಂಜಿನ್ ಹೊರಕ್ಕೆ ಉಗುಳಿದ ಹೊಗೆಯಲ್ಲಿ ಒಂದು ಪಾಲನ್ನು ಇದು ಹಿಡಿದು ಮತ್ತೆ ಇಂಜಿನ್ನಿನ ಒಳಕ್ಕೇ ಕಳುಹಿಸುತ್ತದೆ. ಅದರಿಂದ ಒಳಗಿನ ಉರಿಯ ಕಾವು ತಗ್ಗಿ, ಹೊರಬೀಳುವ ವಿಷಾನಿಲ ಕಡಿಮೆಯಾಗುತ್ತದೆ. ಇದನ್ನು ನಾನು ಮನೆಯಲ್ಲಿ ಬಹಳ ಉತ್ಸಾಹದಿಂದ ವಿವರಿಸಿದಾಗ ಹೆಂಡತಿ ಸರೋಜ ಹುರುಳಿಕಾಯಿಯ ನಾರು ತೆಗೆಯುತ್ತ ಕೇಳಿಸಿಕೊಂಡಳು. “ಅಂದ್ರೆ ಹೊರಗೆ ಹೋಗ್ಬೇಕಾದ್ದನ್ನ ಹೋಗಕ್ಕೆ ಬಿಡದೆ ಎಳ್ಕೊಂಡು ಬಂದು ಮತ್ತೆ ಮತ್ತೆ ಸುಡೋದು ಅನ್ನಿ” ಎಂದಳು. ನಾನು ಹೌದೆಂದೆ. “ಅದಕ್ಕೇ ನಿಮಗೆ ಇದು ಅಷ್ಟು ಬೇಗ ಹಿಡಿಸಿರೋದು” ಎಂದಳು. ಈ ಮಾತಿನ ಧ್ವನಿಯನ್ನು ನಾನು ಗಮನಿಸಲಿಲ್ಲವೆಂದು ಆಕೆ ಇಂದಿಗೂ ತಿಳಿದಿದ್ದಾಳೆ.

ಈ ಕವಾಟಕ್ಕೆ ಒಂದು ಶಿಸ್ತಿದೆ. ಕಾರು ಓಡುವಾಗ ಅದು ತೆರೆಯಬೇಕು. ಸಿಗ್ನಲಿನಲ್ಲಿ ನಿಂತು ಇಂಜಿನ್ ಮೆಲ್ಲಗೆ ಗುನುಗುವಾಗ ಮುಚ್ಚಿರಬೇಕು. ಆಗ ತೆರೆದರೆ ಇಂಜಿನ್ನು ಹೊಗೆ ಕುಡಿದು ಉಸಿರುಕಟ್ಟಿ ನಿಂತುಹೋಗುತ್ತದೆ. ಮೊದಲ ವರ್ಷವೆಲ್ಲ ಈ ಶಿಸ್ತನ್ನು ನಿಷ್ಠೆಯಿಂದ ಪಾಲಿಸಿದ ಕಾರು, ಮರುವರ್ಷದ ದಸರೆ ಕಳೆದದ್ದೇ ಇದ್ದಕ್ಕಿದ್ದಂತೆ ಶಿಸ್ತು ಕಳೆದುಕೊಂಡಿತು. ಸರೋಜ ಪಕ್ಕದಲ್ಲಿದ್ದಾಗಲೇ ನಾಲ್ಕಾರು ಸಿಗ್ನಲುಗಳಲ್ಲಿ ನಿಂತಿತು. ಕೊನೆಯ ಸಲ ನಿಂತದ್ದು ಎಂಥ ಜಾಗದಲ್ಲಿ! ಸರೋಜ ರೇಷ್ಮೆ ಸೀರೆಯುಟ್ಟು ಕುಳಿತಿದ್ದಾಗ, ಹಲಸೂರಿನ ಸಿಗ್ನಲಿನಲ್ಲಿ, ಹಿಂದೆ ಒಂದು ಬಸ್ಸು, ಸುತ್ತ ಆಟೋಗಳು. ಹಸಿರು ದೀಪ ಬಂದಾಗ ಎಲ್ಲರೂ ಹೊರಟರು, ನಾವು ಹೊರಡಲಿಲ್ಲ. ನಾನು ಇಳಿದು ಬಾನೆಟ್ ಎತ್ತಿದೆ. ಬಸ್ಸಿನ ಚಾಲಕ ಕಿಟಕಿಯಿಂದ ತಲೆ ಹಾಕಿ, “ಯಜಮಾನ್ರೇ, ಅಡುಗೆ ಆಯ್ತಾ? ಸೌಟು ಕೊಡ್ಲಾ?” ಎಂದ. ಆತನ ಬಸ್ಸಿನ ಮಾರ್ಗಸಂಖ್ಯೆ ನನಗೆ ಕಂಠಪಾಠವಾಗಿದೆ.

ಅಷ್ಟರಲ್ಲಿ ನಮ್ಮ ಎದುರುಮನೆಯ ಪದ್ಮನಾಭ ತನ್ನ ಹೊಸ ಪುಟ್ಟ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಈತ ಅತಿಶಯ ವಿನಯವಂತ. ಪರೋಪಕಾರ ಮಾಡುವಾಗ ಉಪಕಾರ ಪಡೆದವನು ಅದನ್ನು ಎಂದೂ ಮರೆಯದಂತೆ ನೋಡಿಕೊಳ್ಳುವ ವಿನಯ ಅದು. “ಆಂಟಿ, ನೀವು ಬನ್ನಿ, ನಾನು ಬಿಡ್ತೀನಿ. ಸಾರ್ ನಿಧಾನವಾಗಿ ಬರ್ಲಿ, ಅವರಿಗೆ ಇದೆಲ್ಲ ಇಂಟ್ರೆಸ್ಟು” ಎಂದ. ಸರೋಜ ಹೋದಳು. ಹೋದದ್ದು ಅದೊಂದು ಸಲವಾಗಿದ್ದರೆ ಈ ಪ್ರಬಂಧಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಮನೆಗೆ ಮರಳಿದ ಮೇಲೆ ಆಕೆ, ನಿಂತಲ್ಲಿ ನಿಲ್ಲುವ ಕಾರಿನಲ್ಲಿ ಜನರ ಎದುರಿಗೆ ಗೊಂಬೆಯಂತೆ ಕುಳಿತಿರುವುದು ತನ್ನಿಂದಾಗದೆಂದೂ, ಅದು ಸರಿಹೋಗುವವರೆಗೆ ತಾನು ಹತ್ತುವುದಿಲ್ಲವೆಂದೂ ಘೋಷಿಸಿದಳು. ಆಕೆಯ ತಂಗಿ ವಿಮಲಾ ಹೊರಮಾವಿನಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶ ಹತ್ತಿರದಲ್ಲಿಯೇ ಇತ್ತು. ಪದ್ಮನಾಭ ದಂಪತಿಗಳಿಗೂ ಆಹ್ವಾನವಿತ್ತು. “ನಾನು ಅವರ ಕಾರಲ್ಲಿ ಹೋಗ್ತೀನಿ. ನೀವು ನಿಮ್ಮದರಲ್ಲಿ ಬನ್ನಿ, ಬಂದ್ರೆ” ಎಂದಳು. ಆ ಕೊನೆಯ ಪದವನ್ನು ಓದುಗರು ಗಮನಿಸಬೇಕು. ನನ್ನ ಹೆಂಡತಿಯ ಬಳಗವೆಲ್ಲ ಚಪ್ಪರದಡಿ ನೆರೆದಿರುವಾಗ, ಆಕೆ ಎದುರುಮನೆಯವನ ಕಾರಿನಿಂದ ಇಳಿಯುವುದು! ಅಂದಿನಿಂದ ನನ್ನ ಬಾಳಿನಲ್ಲಿ ಉಳಿದದ್ದು ಒಂದೇ ಗುರಿ: ಗೃಹಪ್ರವೇಶದ ದಿನ ಆ ಎಡಗಡೆಯ ಆಸನದಲ್ಲಿ ಸರೋಜ ಕುಳಿತಿರಬೇಕು.

ಕಾರನ್ನು ಶಿವಾಜಿನಗರದ ಅನ್ವರನ ಬಳಿಗೆ ಒಯ್ದೆ. ವಿದೇಶಿ ಕಾರುಗಳಲ್ಲಿ ಆತನಿಗೆ ಹೆಸರಿದೆ. ಯಾವ ಬಗೆಯ ಹೆಸರೆಂಬುದನ್ನು ನಾನು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕಿತ್ತು. ಆತ ಬಾನೆಟ್ಟಿನೊಳಗೆ ಬಗ್ಗಿ, ನನ್ನ ಕವಾಟವನ್ನು ಬೀದಿಯಲ್ಲಿ ಬಿದ್ದಿರುವ ಅನಾಥ ವಸ್ತುವಿನಂತೆ ನೋಡಿದ.

“ಕ್ಯಾ ಸಾಬ್, ಇದು ಇನ್ನೂ ಇಟ್ಕೊಂಡಿದೀರಾ? ನಮ್ಮ ಹತ್ರ ಬರೋ ಗಾಡಿ ಎಲ್ಲಾದಕ್ಕೂ ಒಂದು ತಗಡು ಕೂರ್ಸಿ ಬಂದ್ ಮಾಡ್ಬಿಡ್ತೀವಿ. ಕಥೆ ಖತಂ.”

“ಮುಚ್ಚಿದರೆ ವಿಷಾನಿಲ ಹೆಚ್ಚಾಗುವುದಿಲ್ಲವೇ? ನಗರದ ಗಾಳಿಯ ಗತಿ ಏನು?” ಎಂದು ನಾನು ಕೇಳಿದೆ.

ಆ ಕ್ಷಣದಲ್ಲಿ ಗಲ್ಲಿಯ ಮೂಲಕ ಒಂದು ಆಟೋ ಹಾದುಹೋಯಿತು. ಅದು ಬಿಟ್ಟುಹೋದ ನೀಲಿ ಹೊಗೆಯಲ್ಲಿ ಅನ್ವರನ ಮುಖ ಸ್ವಲ್ಪ ಹೊತ್ತು ಕಾಣಿಸಲಿಲ್ಲ. ಹೊಗೆಯೊಳಗಿನಿಂದ ಅವನ ದನಿ ಮಾತ್ರ ಬಂತು: “ಸಾಬ್, ನೀವೊಬ್ರೇ ಬೆಂಗಳೂರು ಉಳಿಸ್ತಾ ಇರೋದು. ಮಾಷಾ ಅಲ್ಲಾ.”

ತಗಡು ಬೇಡವೆಂದೆ. ಕೆಟ್ಟದ್ದನ್ನು ಸರಿಪಡಿಸುವ ಬದಲು ಅದರ ಬಾಯಿ ಮುಚ್ಚಿ ಸರಿಯಾಯಿತೆನ್ನುವ ಈ ಪದ್ಧತಿಯನ್ನು ನಾನು ಕಾರ್ಖಾನೆಯಲ್ಲಿ ಸಾಕಷ್ಟು ಕಂಡವನು. ಅಲ್ಲಿ ಬಾಯಿ ನನ್ನದಾಗಿತ್ತು. ಅನ್ವರ್ ಇಂಜಿನ್ನನ್ನು ಚಾಲೂ ಮಾಡಿ ನೋಡಿದ. ತಣ್ಣಗಿದ್ದ ಇಂಜಿನ್ನು ಒಳ್ಳೆಯ ಸಂಸಾರಸ್ಥನಂತೆ ಗುನುಗಿತು. ತಣ್ಣಗಿರುವಾಗ ಈ ಕವಾಟ ಕೆಲಸ ಮಾಡದು, ಕಾವೇರಿದ ಮೇಲೆಯೇ ಇದರ ಆಟ, ಆದ್ದರಿಂದ ಸ್ವಲ್ಪ ಕಾಯಬೇಕು ಎಂದು ನಾನು ವಿವರಿಸುತ್ತಿರುವಾಗಲೇ ಆತ ಬಾನೆಟ್ ಮುಚ್ಚಿ, “ಗಾಡಿ ಫಸ್ಟ್ ಕ್ಲಾಸ್ ಇದೆ ಸಾಬ್, ಟೆನ್ಶನ್ ನಕ್ಕೊ” ಎಂದು ಚಹಾಕ್ಕೆ ಹೊರಟುಹೋದ. ಮರಳುವ ದಾರಿಯಲ್ಲಿ ಹಲಸೂರಿನಲ್ಲಿ ಕಾರು ಮತ್ತೆ ನಿಂತಿತು. ಕಾರಿಗೂ ನನ್ನಂತೆಯೇ ಜಾಗಗಳು ನೆನಪಿರುತ್ತವೆ.

ಇನ್ನು ನಾನೇ ಮಾಡಬೇಕೆಂದು ನಿಶ್ಚಯಿಸಿದೆ. ಕವಾಟವನ್ನು ಬಿಚ್ಚಿ, ಅದರೊಳಗೆ ಗಟ್ಟಿಯಾಗಿ ಹೆಪ್ಪುಗಟ್ಟಿದ್ದ ಮಸಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷು, ಸೀಮೆಎಣ್ಣೆಗಳಿಂದ ತಿಕ್ಕಿದೆ. ಕಾಂಪೌಂಡಿನ ಆಚೆಯಿಂದ ಪದ್ಮನಾಭ ಇಣುಕಿ, “ಏನ್ ಸಾರ್, ಕಾರಿಗೆ ಹಲ್ಲುಜ್ಜಿಸ್ತಾ ಇದೀರಾ? ನಮ್ಮ ಗಾಡಿಗೆ ಇನ್ನೂ ಹಲ್ಲೇ ಬಂದಿಲ್ಲ” ಎಂದ. ಕವಾಟ ಫಳಫಳಿಸಿತು. ಇಂಜಿನ್ನು ಕಾವೇರಿದ ಮೇಲೆ, ಮನೆಯ ಅಂಗಳದಲ್ಲಿಯೇ, ಉಸಿರುಕಟ್ಟಿ ನಿಂತಿತು. ಅಂದರೆ ಕವಾಟ ತಾನಾಗಿ ಸಿಕ್ಕಿಕೊಳ್ಳುತ್ತಿಲ್ಲ. ಯಾರೋ ಅದಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ತೆರೆದುಕೋ ಎಂದು ಅಪ್ಪಣೆ ಕೊಡುತ್ತಿದ್ದಾರೆ!

ಅಪ್ಪಣೆ ಹೋಗುವುದು ಒಂದು ಸಣ್ಣ ರಬ್ಬರ್ ಕೊಳವೆಯ ಮೂಲಕ. ಇಂಜಿನ್ನು ಗಾಳಿಯನ್ನು ಒಳಕ್ಕೆಳೆದುಕೊಳ್ಳುವ ಸೆಳೆತ ಆ ಕೊಳವೆಯಲ್ಲಿ ಬಂದರೆ ಕವಾಟ ತೆರೆಯುತ್ತದೆ. ನಿಂತ ಕಾರಿನಲ್ಲಿ ಅದರಲ್ಲಿ ಸೆಳೆತ ಇರಕೂಡದು. ಇದನ್ನು ಪರೀಕ್ಷಿಸಲು ಒಂದು ಉಪಕರಣವಿದೆಯಂತೆ. ನನ್ನ ಬಳಿ ಇದ್ದದ್ದು ನಾಲಿಗೆ. ಇಂಜಿನ್ನು ಕಾವೇರುವುದನ್ನು ಕಾದು, ಕೊಳವೆಯನ್ನು ಕವಾಟದಿಂದ ಕಿತ್ತು, ಅದರ ತುದಿಗೆ ನಾಲಿಗೆಯನ್ನಿಟ್ಟೆ. ಅದು ಥಟ್ಟನೆ ನಾಲಿಗೆಯನ್ನು ಹಿಡಿದುಕೊಂಡಿತು. ನನ್ನ ಆನಂದಕ್ಕೆ ಮೇರೆಯಿಲ್ಲ, ತಪ್ಪು ಸಿಕ್ಕಿಬಿದ್ದಿತ್ತು! ಆ ಸ್ಥಿತಿಯಲ್ಲಿಯೇ ಸರೋಜಳನ್ನು ಕೂಗಿ ಕರೆಯಲು ಯತ್ನಿಸಿದೆ. ಬಂದವನು ಪದ್ಮನಾಭ. “ಸಾರ್, ಡಾಕ್ಟರು ಹುಕ್ಕಾ ಸೇದ್ಬೇಡಿ ಅಂದಿಲ್ವಾ?” ಎಂದು ಕೇಳಿದ. ನಾಲಿಗೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಅಂಗಗಳಿಂದ ನಾನು ತಕ್ಕ ಉತ್ತರ ಕೊಟ್ಟೆ.

ಪಕ್ಕದಲ್ಲಿಯೇ ಅಂಥದೇ ಇನ್ನೊಂದು ಕೊಳವೆಯಿತ್ತು. ಅದಕ್ಕೆ ಬೇರೆ ಕೆಲಸ. ಮೊದಲನೆಯ ಮೂಲದಲ್ಲಿ ಸದಾ ಸೆಳೆತ, ಎರಡನೆಯದರಲ್ಲಿ ವೇಗವರ್ಧಕವನ್ನು ಒತ್ತಿದಾಗ ಮಾತ್ರ. ಕವಾಟಕ್ಕೆ ಬರಬೇಕಾದದ್ದು ಈ ಎರಡನೆಯದು; ಎರಡೂ ಅದಲುಬದಲಾಗಿದ್ದವು. ಇದು ಅನ್ವರನ ಕೈವಾಡವೆಂದು ಕ್ಷಣಾರ್ಧದಲ್ಲಿ ತೀರ್ಪಿತ್ತು, ಅವನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಆಗ ಕೊಳವೆಯ ಬುಡದಲ್ಲಿ ಒಣಗಿ ಅಂಟಿದ್ದ ಕುಂಕುಮ ಕಣ್ಣಿಗೆ ಬಿತ್ತು. ಅನ್ವರ್ ಕುಂಕುಮ ಬಳಸುವವನಲ್ಲ.

ಆಯುಧಪೂಜೆ! ಆ ಸಲ ಬರಿಯ ಹೊರಮೈ ತೊಳೆದು ನಿಂಬೆಹಣ್ಣು ಹೊಸಕುವ ಸೋಮಾರಿಗಳ ಪೂಜೆ ಬೇಡವೆಂದು, ನಾನು ಇಂಜಿನ್ನಿನ ಕೊಳವೆಗಳನ್ನೆಲ್ಲ ಬಿಚ್ಚಿ ಒರೆಸಿ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದೆ. ಯಾವುದು ಎಲ್ಲಿಗೆ ಎಂಬುದು ತಪ್ಪಬಾರದೆಂದು ಒಂದಕ್ಕೆ ಅರಿಸಿನದ ಗುರುತು, ಇನ್ನೊಂದಕ್ಕೆ ಕುಂಕುಮದ ಗುರುತು ಮಾಡಿದ್ದೆ. ಇಂಥ ವ್ಯವಸ್ಥೆ ಕಾರ್ಖಾನೆಯಲ್ಲಿದ್ದರೆ ಬಹುಮಾನ ಬರುತ್ತಿತ್ತು. ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಸರೋಜ ಹಲಗೆಯ ಮೇಲಿದ್ದುದಕ್ಕೆಲ್ಲ, ಒಂದನ್ನೂ ಬಿಡದೆ, ಭಕ್ತಿಯಿಂದ ಅರಿಸಿನವನ್ನೂ ಕುಂಕುಮವನ್ನೂ ಹಚ್ಚಿ, ಹೂವಿಟ್ಟು, ಊದಿನಕಡ್ಡಿ ಬೆಳಗಿದ್ದಳು. ಎರಡೂ ಕೊಳವೆಗಳು ಸಮಾನ ಸುಮಂಗಲಿಯರಾಗಿದ್ದವು. ಅಂದು ನಾನು ಅಂದಾಜಿನಿಂದ ಜೋಡಿಸಿದ್ದೆ. ನಡೆದದ್ದು ಇಷ್ಟೇ, ಇದರಲ್ಲಿ ತಪ್ಪು ಯಾರದೆಂಬುದನ್ನು ನಿಷ್ಪಕ್ಷಪಾತಿಗಳಾದ ಓದುಗರಿಗೆ ಬಿಡುತ್ತೇನೆ.

ಕೊಳವೆಗಳನ್ನು ಬದಲಿಸಿದೆ. ಇಂಜಿನ್ನು ಕಾವೇರಿತು, ಮತ್ತಷ್ಟು ಕಾವೇರಿತು, ನಿಲ್ಲಲಿಲ್ಲ. ಗೃಹಪ್ರವೇಶದ ಬೆಳಿಗ್ಗೆ ಪರೀಕ್ಷಾರ್ಥವಾಗಿ ಹಲಸೂರಿನ ಸಿಗ್ನಲಿನವರೆಗೆ ಹೋಗಿ, ಕೆಂಪು ದೀಪದಲ್ಲಿ ನಿಂತು, ಜಯಶಾಲಿಯಾಗಿ ಬಂದೆ. ಸರೋಜ ಒಂದು ನಿಮಿಷ ಯೋಚಿಸಿ, “ಸರಿ, ನಡೀರಿ” ಎಂದು ಮುಂದಿನ ಆಸನದಲ್ಲಿ ಕುಳಿತಳು. ಪದ್ಮನಾಭನ ಗೇಟಿನ ಮುಂದೆ ನಾನು ಅಗತ್ಯಕ್ಕಿಂತ ತುಸು ನಿಧಾನವಾಗಿ ಹಾದುಹೋದೆ.

ಎಂಥ ಪಯಣ ಅದು! ಹಳೆಯ ಮದರಾಸು ರಸ್ತೆಯಲ್ಲಿ ಕಾರು ಬೆಣ್ಣೆಯಂತೆ ಸಾಗಿತು. ಬೈಯಪ್ಪನಹಳ್ಳಿ ಬರುತ್ತಿದ್ದಂತೆ, ಅಲ್ಲಿನ ಛತ್ರವೊಂದರಲ್ಲಿ ನನ್ನ ಸಹೋದ್ಯೋಗಿ ತನ್ನ ಮಗಳ ಮದುವೆಗೆ ಕರೆದು ನನ್ನನ್ನು ಮೊದಲ ಪಂಕ್ತಿಯಿಂದ ಎಬ್ಬಿಸಿದ್ದನ್ನು ಸರೋಜಳಿಗೆ ನೆನಪಿಸಿದೆ. ಟಿನ್ ಫ್ಯಾಕ್ಟರಿಯ ಬಳಿ, ಆಕೆಯ ಭಾವ ನಾನು ಹತ್ತುವ ಮೊದಲೇ ಮದುವೆಯ ವ್ಯಾನನ್ನು ಹೊರಡಿಸಿದ ಸಂಗತಿ ಬಂತು. ಹೊರಮಾವಿನ ರೈಲ್ವೆ ಗೇಟು ಹಾಕಿತ್ತು. ಎಲ್ಲರೂ ಇಂಜಿನ್ ಆರಿಸಿದರು; ನಾನು ಮಾತ್ರ ಆರಿಸಲಿಲ್ಲ. ಆ ನಿರಂತರವಾದ ಸುಮಧುರ ಗುನುಗಿನಲ್ಲಿ, ಗೂಡ್ಸು ರೈಲು ಹಾದುಹೋಗುವಷ್ಟು ಹೊತ್ತೂ, ವಿಮಲಾಳ ಮಗನ ಉಪನಯನದ ಆಹ್ವಾನಪತ್ರಿಕೆಯಲ್ಲಿ ನನ್ನ ಹೆಸರು ಬಿಟ್ಟುಹೋದ ಪ್ರಕರಣವನ್ನು ಬುಡದಿಂದ ವಿವರಿಸಿ, ಕೊನೆಗೆ ಅರಿಸಿನ ಕುಂಕುಮದ ವಿಷಯಕ್ಕೆ ಬಂದೆ. ಸರೋಜ ಕಿಟಕಿಯ ಕಡೆಗೆ ಮುಖ ತಿರುಗಿಸಿ ರೈಲಿನ ಡಬ್ಬಿಗಳನ್ನು ನೋಡುತ್ತಿದ್ದಳು.

ಮರಳುವಾಗ ಆಕೆ ಪದ್ಮನಾಭನ ಕಾರಿನಲ್ಲಿ ಹೋದಳು.

ಕಾರಣ ನನಗೆ ತಿಳಿದದ್ದು ಚಪ್ಪರದ ಕಂಬದ ಮರೆಯಲ್ಲಿ ಕೈತೊಳೆಯುತ್ತ ನಿಂತಿದ್ದಾಗ. ಕಾರು ಹೇಗಿದೆ ಎಂದು ವಿಮಲಾ ಕೇಳುತ್ತಿದ್ದಳು. “ಮುಂಚೆನೇ ವಾಸಿ ಕಣೇ” ಎನ್ನುತ್ತಿದ್ದಳು ಸರೋಜ. “ಸಿಗ್ನಲ್ ಸಿಗ್ನಲ್ಲಿಗೂ ಕೆಟ್ಟೋಗೋದು. ಇವರು ಇಳಿದು ಹೋಗಿ ಬಾನೆಟ್ ಒಳಗೆ ತಲೆ ಇಟ್ಕೊಂಡು ನಿಂತಿರೋರು, ನಾನು ಒಂದು ಗಳಿಗೆ ಸುಮ್ನೆ ಕೂತ್ಕೋತಿದ್ದೆ. ಜನ ನೋಡ್ತಾರೆ ಅಂತ ಬೇಜಾರಾಗ್ತಿತ್ತು. ಈಗ ಅನ್ಸುತ್ತೆ, ನೋಡ್ಲಿ ಬಿಡು! ಇವತ್ತು ಮನೆಯಿಂದ ಇಲ್ಲೀತನಕ ಒಂದ್ಸಲನೂ ಇಳೀಲಿಲ್ಲಮ್ಮಾ ಇವರು.”

ಅಂದಿನಿಂದ ಕಾರು ನಿರ್ದುಷ್ಟವಾಗಿದೆ, ಪಕ್ಕದ ಆಸನ ಖಾಲಿಯಿದೆ. ಬರುವ ಭಾನುವಾರ ಶಿವಾಜಿನಗರದ ಕಡೆ ಒಂದು ಆರತಕ್ಷತೆ. ನಿನ್ನೆ ಬಹಳ ಹೊತ್ತು ಬಾನೆಟ್ ಎತ್ತಿ ಆ ಎರಡು ಕೊಳವೆಗಳನ್ನು ನೋಡುತ್ತ ನಿಂತಿದ್ದೆ. ಅವುಗಳ ನಡುವೆ ಇರುವುದು ಗೇಣುದ್ದದ ಅಂತರ. ನಗರದ ಗಾಳಿಗಾಗಿ ನಾನು ಈವರೆಗೆ ಮಾಡಿರುವುದು ಕಡಿಮೆಯೇನಲ್ಲ. ಒಳಕ್ಕೆ ಬಂದು, ಕೈಯ ಮಸಿ ಒರೆಸಿಕೊಳ್ಳುತ್ತ, ಕಾರು ಯಾಕೋ ಮತ್ತೆ ಕೆಟ್ಟಿರುವಂತಿದೆ ಎಂದೆ.

ಸರೋಜ ತಲೆಯೆತ್ತಿದಳು. “ಹೌದಾ? ಎಲ್ಲೆಲ್ಲಿ ನಿಲ್ಲುತ್ತೆ?”

“ಹಲಸೂರಿನಲ್ಲಿ ಖಂಡಿತ. ಮುಂದೆಯೂ ಒಂದೆರಡು ಕಡೆ ನಿಂತೀತು.”

“ಹಾಗಾದ್ರೆ ನಿಮ್ಮ ಜೊತೇಲೇ ಬರ್ತೀನಿ ರೀ” ಎಂದಳು. “ಓದಕ್ಕೆ ಒಂದು ವಾರಪತ್ರಿಕೆ ಇಟ್ಕೊಂಡಿರ್ತೀನಿ.”

ಆಕೆ ಬರುತ್ತಾಳೆಂಬ ಸಂತೋಷ ನನಗಿದೆ. ಆದರೆ ಆ ವಾರಪತ್ರಿಕೆಯ ಮಾತನ್ನು ನಾನು ಮರೆಯುತ್ತೇನೆಂದು ಯಾರೂ ಭಾವಿಸಬಾರದು.